ಹನ್ನೊಂದು ಸೆಕೆಂಡಿನ ಹುಣಸೆ

“ಆ ಮುದುಕಿ ಉಚ್ಚಿಗೆ ಹೋಗಿ ಎಷ್ಟೊತ್ತಾತು? ಅಲ್ಲೇನು ಕೆರಿ ತುಂಬ್ಸಾಕ ಹತ್ಯಾಳೇನು, ನಿಮ್ಮೌನ?”

ಮೇಸ್ತ್ರಿ ಪಾಲಾಕ್ಷಪ್ಪ ಗೋದಾಮಿನ ಬಾಗಿಲಲ್ಲಿ ನಿಂತು ಕೂಗಿದ. ಅವನ ಕೊರಳಲ್ಲೊಂದು ಹೊಸ ಸೀಟಿ, ಕೈಯಲ್ಲೊಂದು ಹೊಸ ರಟ್ಟು. ಎರಡೂ ಬಂದು ಹದಿನೈದು ದಿನವಾಗಿತ್ತು. ಅದಕ್ಕೂ ಮೊದಲು ಅವನು ಬರೀ ಬೈಯುತ್ತಿದ್ದ. ಈಗ ಬೈದು ಬರೆದುಕೊಳ್ಳುತ್ತಿದ್ದ.

ಒಳಗೆ ನಲವತ್ತು ಹೆಂಗಸರು ನಾಲ್ಕು ಸಾಲಾಗಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದರು. ಎಲ್ಲರೂ ಕೂಡ್ಲಿಗಿ ಮಗ್ಗುಲಿನ ಒಂದೇ ಕೇರಿಯವರು. ಮೊದಲ ಸಾಲಿನ ಮೊದಲ ಜಾಗದಲ್ಲಿದ್ದ ಹೊನ್ನೂರಮ್ಮ ಕುಟ್ಟುವ ಕೈ ನಿಲ್ಲಿಸದೆ ಉತ್ತರ ಕೊಟ್ಟಳು. ಹೊರಗೆ ಹೋಗಿದ್ದ ಮುದುಕಿ ಅವಳ ಅತ್ತೆ ಕರಿಯಕ್ಕ.

“ಜಾಲಿ ದಾಟಿ ಹಳ್ಳಕ್ಕ ಹೋಗಿ ಬರ್ಬೇಕಣ್ಣ. ಬೇಕಾರ ನೀನಾ ಒಂದ್ಸಲ ಸೀರಿ ಉಟ್ಕಂಡು ಹೋಗಿ ಬಾ, ಎಷ್ಟೊತ್ತಾಕ್ಕತಿ ನೋಡಾನ.”

ಹೆಂಗಸರು ನಕ್ಕರು. ಪಾಲಾಕ್ಷಪ್ಪ ಸೀಟಿ ಊದಿದ. ನಗುವುದಕ್ಕೂ ಸೀಟಿ ಇತ್ತು.

“ನಾಕು ನಿಮಿಷ ಅಂತ ಬರದೈತಿ. ನಾ ಬರದದ್ದಲ್ಲ, ಇಂಜಿನೇರ್ ಸಾಹೇಬ್ರು ಬರದದ್ದು. ಆಕಿ ಒಂಬತ್ತು ತಗಂಡಾಳ. ಐದು ನಿಮಿಷ ವೇಸ್ಟು.”

ಗೋದಾಮಿನಲ್ಲಿ ಕಕ್ಕಸು ಇರಲಿಲ್ಲವೆಂದಲ್ಲ. ಆಫೀಸಿನ ಹಿಂದೆ ಬಿಳಿ ಟೈಲ್ಸಿನದೊಂದು ಇತ್ತು. ಅದರ ಬೀಗದ ಕೈ ಸಾವ್ಕಾರ ಉಜ್ಜಿನಪ್ಪನ ಅಳಿಯನ ಜೇಬಿನಲ್ಲಿತ್ತು. ಕರಿಯಕ್ಕ ಮೊಣಕಾಲು ಹಿಡಿದುಕೊಂಡು ವಾಪಸು ಬಂದಳು, ಹಳದಿ ಗೆರೆಯೊಳಗಿನ ತನ್ನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಳು, ಕುಟ್ಟುವ ಕೊಡತಿ ಎತ್ತಿಕೊಂಡಳು. ಬೈಗುಳ ಅವಳಿಗೆ ಕೇಳಿಸಿತ್ತು. ನಲವತ್ತು ವರ್ಷದಿಂದ ಇದೇ ಬಾಗಿಲಲ್ಲಿ ಬೇರೆ ಬೇರೆ ಬಾಯಿಂದ ಕೇಳಿದ್ದಳು.

ಹೊನ್ನೂರಮ್ಮ ಅತ್ತೆಯ ಕಡೆ ನೋಡಲಿಲ್ಲ. ಈ ಗೆರೆ, ಈ ಸೀಟಿ, ಈ ನಾಲ್ಕು ನಿಮಿಷ, ಎಲ್ಲದಕ್ಕೂ ಮೂಲ ತನ್ನ ಕೈ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮೊದಲು ಒಂದು ರಾಶಿಗೆ ಎಂಟು ಮಂದಿ ಸುತ್ತ ಕೂರುತ್ತಿದ್ದರು. ಎಂಟು ಮಂದಿಗೂ ಒಂದೇ ಪುಟ್ಟಿ. ಸಿಪ್ಪೆ ಒಡೆದು, ನಾರು ಕಿತ್ತು, ಬೀಜ ಬಿಡಿಸಿ ಹಣ್ಣನ್ನು ಅದಕ್ಕೇ ಹಾಕುವುದು. ಸಂಜೆ ಪುಟ್ಟಿ ತೂಕಕ್ಕೆ ಹೋದಾಗ ಅದರಲ್ಲಿ ಯಾರ ಕೈಯದು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೂಸಿಗೆ ಮೊಲೆ ಕೊಡುವವಳು, ಜ್ವರ ಬಂದವಳು, ಕಣ್ಣು ಮಂಜಾದವಳು, ಎಲ್ಲರದೂ ಆ ಪುಟ್ಟಿಯೊಳಗೆ ನಡೆದು ಹೋಗುತ್ತಿತ್ತು. ಇವತ್ತು ನಿನಗೆ ನಾನು, ನಾಳೆ ನನಗೆ ನೀನು. ಕರಿಯಕ್ಕನ ಬೆರಳು ಸೊಟ್ಟಗಾಗಿ ಆರು ವರ್ಷವಾಗಿದ್ದರೂ ಸಾವ್ಕಾರನಿಗೆ ಗೊತ್ತೇ ಆಗಿರಲಿಲ್ಲ.

ಈ ಸುಗ್ಗಿಗೆ ಚೆನ್ನೈನ ಕಂಪನಿಯೊಂದು ಹಣ್ಣು ಕೊಳ್ಳಲು ಒಪ್ಪಿತು. ಆದರೆ ಗೋದಾಮು ‘ಲೀನ್’ ಆಗಬೇಕು ಅಂದಿತು. ಲೀನ್ ಅಂದರೆ ತೆಳ್ಳಗಿರುವುದು, ಬೇಡದ ಕೊಬ್ಬು ತೆಗೆದು ಹಾಕುವುದು ಎಂದು ಅಳಿಯ ಅರ್ಥ ಹೇಳಿದ. ಉಜ್ಜಿನಪ್ಪ ಹೊಟ್ಟೆ ನೀವಿಕೊಳ್ಳುತ್ತಾ ಹೂಂಗುಟ್ಟಿದ. ಕೊಬ್ಬು ಯಾರಲ್ಲಿದೆ ಎಂದು ಹುಡುಕಲು ಬೆಂಗಳೂರಿನಿಂದ ಬಂದ ಇಂಜಿನಿಯರನ ಹೆಸರು ಕ್ರಾಂತಿಕುಮಾರ್. ಅವರಪ್ಪ ಏನು ಆಸೆ ಇಟ್ಟುಕೊಂಡು ಆ ಹೆಸರಿಟ್ಟಿದ್ದನೋ ಪಾಪ.

ಬಂದ ಮೊದಲ ದಿನ ಅವನು ಮಾತಾಡಲಿಲ್ಲ. ಮೊಬೈಲು ಹಿಡಿದು ಸುಮ್ಮನೆ ನಿಂತು ನೋಡಿದ. ಅನಾಹುತವಾದದ್ದು ಅಲ್ಲಿಯೇ. ಶೇಂಗಾ ಕೀಳುವಾಗ ಹೊಸಬರು ಯಾರಾದರೂ ಬದುವಿನ ಮೇಲೆ ನಿಂತು ನೋಡಿದರೆ ಕೇರಿಯ ಹೆಂಗಸರು ಪಂತಕ್ಕೆ ಬೀಳುತ್ತಾರೆ. ಸೊಂಟ ಮುರಿಯುವ ಹಾಗೆ ಒಂದು ಸಾಲು ಕಿತ್ತು ತೋರಿಸುತ್ತಾರೆ, ನೋಡಿದವರು ಎಲೆಅಡಿಕೆ ಕೊಟ್ಟು ಹೋಗುತ್ತಾರೆ. ನೋಡುವವರಿಗೂ ಮರ್ಯಾದೆ, ದುಡಿಯುವವರಿಗೂ ಮರ್ಯಾದೆ. ಹಿಂದಿನಿಂದ ಬಂದದ್ದು.

“ಹೊಸಬ್ರು ನಿಂತಾರ, ಹೊನ್ನೂರೀ! ತೋರ್ಸಬೇ ನಿನ್ನ ಕೈ!” ಎಂದು ಪಕ್ಕದ ಮಾರೆಮ್ಮ ಕೂಗು ಹಾಕಿದಳು.

ಹೊನ್ನೂರಮ್ಮ ಸೆರಗು ಸಿಕ್ಕಿಸಿದಳು. ಆಮೇಲೆ ಅವಳ ಕೈ ಯಾರಿಗೂ ಕಾಣಲಿಲ್ಲ. ಒಂದೇಟಿಗೆ ಸಿಪ್ಪೆ ಅತ್ತ, ಒಂದೆಳೆತಕ್ಕೆ ನಾರು ಇತ್ತ, ಹೆಬ್ಬೆರಳಿನ ಒಂದು ಒತ್ತಿಗೆ ಬೀಜ ಪಟಪಟ ಉದುರಿದವು. ಉಳಿದವರು ಕೇಕೆ ಹಾಕಿದರು. ಉಸಿರು ಕಟ್ಟಿ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿದಾಗ ಅವಳು ಕೈ ಒದರಿ ನಕ್ಕಳು. “ಎಲಿಅಡಿಕಿ ತರ್ರಿ ಸಾಹೇಬ್ರಾ!” ಕ್ರಾಂತಿಕುಮಾರನೂ ನಕ್ಕ, ಬ್ಯಾಗಿನಿಂದ ಬಿಸ್ಕೀಟು ಪೊಟ್ಟಣ ತೆಗೆದು ಕೊಟ್ಟ.

ಮಾರನೆಯ ದಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದ: ಒಂದು ಹಣ್ಣು, ಹನ್ನೊಂದು ಸೆಕೆಂಡು.

ಆಮೇಲೆ ರಾಶಿಗಳು ಹೋದವು, ಸಾಲುಗಳು ಬಂದವು. ಒಬ್ಬೊಬ್ಬರಿಗೆ ಒಂದೊಂದು ಪುಟ್ಟಿ, ಪುಟ್ಟಿಗೊಂದು ನಂಬರು. ಕ್ರಾಂತಿಕುಮಾರ್ ಎಲ್ಲರನ್ನೂ ಕೂರಿಸಿ ಭಾಷಣ ಮಾಡಿದ. “ನೋಡೀಮ್ಮ, ಇದನ್ನು ನಾವು ಗಾರ್ಮೆಂಟ್ಸಲ್ಲಿ ಮಾಡಿದ್ದೀವಿ, ಆಸ್ಪತ್ರೆಯಲ್ಲಿ ಮಾಡಿದ್ದೀವಿ, ಡೈರಿಯಲ್ಲಿ ಮಾಡಿದ್ದೀವಿ. ಒಂದು ಮಠದ ದಾಸೋಹದಲ್ಲೂ ಮಾಡಿದ್ದೀವಿ. ಎಲ್ಲಾ ಕಡೆ ನಡೆಯುತ್ತೆ. ಏಳೋದು ವೇಸ್ಟ್, ಓಡಾಡೋದು ವೇಸ್ಟ್, ಮಾತಾಡೋದು ವೇಸ್ಟ್. ಜಪಾನಿನಲ್ಲಿ ಒಂದು ನಿಮಿಷ ಹಾಳು ಮಾಡೋದಿಲ್ಲ.”

“ಜಪಾನಿನ್ಯಾಗ ಹೆಂಗಸ್ರು ಉಚ್ಚಿ ಹೊಯ್ಯಂಗಿಲ್ಲೇನ್ರಿ?” ಎಂದು ಮಾರೆಮ್ಮ ಕೇಳಿದಳು. ಅವತ್ತೇ ನಾಲ್ಕು ನಿಮಿಷದ ಲೆಕ್ಕ ಬಂದದ್ದು.

ಬಣ್ಣದವನು ಮೂರು ದಿನ ಹಳದಿ ಗೆರೆ ಎಳೆದ. ಕಸಬರಿಗೆಗೆ ಒಂದು ಚೌಕ, ತಕ್ಕಡಿಗೆ ಒಂದು ಚೌಕ, ಮನುಷ್ಯರಿಗೆ ಒಂದೊಂದು ಚೌಕ. ಅಳಿಯ ಬೆಳಗಿನಿಂದ ಸಂಜೆಯವರೆಗೆ ಫ್ಯಾನಿನ ಕೆಳಗೆ ಕಾಲು ಚಾಚಿ ಮೊಬೈಲಿನಲ್ಲಿ ಕ್ರಿಕೆಟ್ಟು ನೋಡುತ್ತಿದ್ದ. ಅವನ ಸುತ್ತ ಯಾವ ಗೆರೆಯೂ ಬೀಳಲಿಲ್ಲ, ಅವನ ನಿಮಿಷವನ್ನು ಯಾರೂ ಬರೆದುಕೊಳ್ಳಲಿಲ್ಲ. ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಲೋಟಗಳಿದ್ದವು. ಕ್ರಾಂತಿಕುಮಾರ್ ಅಲ್ಲಿ ನಿಂತ.

“ಇವು ಯಾರವು? ಒಳಗೆ ಸ್ಟೀಲ್ ಲೋಟ ಇದ್ದಾವಲ್ಲ?”

ಪಾಲಾಕ್ಷಪ್ಪ ತಲೆ ಕೆರೆದುಕೊಂಡ. “ಅವು ಆಫೀಸಿನವು ಸರ. ಇವು ಇವ್ರವು. ಕೇರಿಯೋರವು. ಮ್ಯಾಲಿಂದ ನೀರು ಹಾಕ್ತೀವಿ.”

ಹೊನ್ನೂರಮ್ಮ ಕೊಡತಿ ನಿಲ್ಲಿಸಿ ಅವನ ಮುಖ ನೋಡಿದಳು. ಇಷ್ಟು ಓದಿದವನು, ಜಪಾನಿನ ತನಕ ಗೊತ್ತಿದ್ದವನು, ಏನಾದರೂ ಅಂದಾನು ಎಂದುಕೊಂಡಳು. ಅವನು ಒಂದು ಗಳಿಗೆ ಲೋಟಗಳನ್ನೇ ನೋಡಿದ. “ಸೂಪರ್. ಯಾವುದು ಎಲ್ಲಿರಬೇಕೋ ಅಲ್ಲೇ ಇದೆ,” ಎಂದು ಬಣ್ಣದವನನ್ನು ಕರೆದು ಕಟ್ಟೆಯ ಮೇಲೆ ಹಳದಿ ಚೌಕ ಎಳೆಸಿ, ಒಳಗೆ ‘ಲೋಟ – ಕಾರ್ಮಿಕರು’ ಎಂದು ಬರೆಸಿದ. ಅಲ್ಲಿಯವರೆಗೆ ಅದು ಊರಿನ ರೂಢಿಯಾಗಿತ್ತು, ಅವತ್ತಿನಿಂದ ಕಂಪನಿಯ ಪದ್ಧತಿಯಾಯಿತು. ಹೊನ್ನೂರಮ್ಮನಿಗೆ ಅವನ ಮೇಲೆ ಹುಟ್ಟಿದ ಅಸಹ್ಯ ಆಮೇಲೆ ಹೋಗಲೇ ಇಲ್ಲ.

ಬಾಗಿಲ ಪಕ್ಕ ಒಂದು ಫಲಕ ಬಂತು. ಹೆಸರಿನ ಮುಂದೆ ದಿನಾ ಒಂದು ಚುಕ್ಕಿ. ಹನ್ನೊಂದು ಸೆಕೆಂಡು ಮುಟ್ಟಿದವರಿಗೆ ಹಸಿರು, ಮುಟ್ಟದವರಿಗೆ ಕೆಂಪು. ಹೊನ್ನೂರಮ್ಮನಿಗೆ ದಿನಾ ಹಸಿರೇ. ಅವಳ ಫೋಟೋ ಕೂಡ ಅಂಟಿಸಿದ್ದರು. ಕರಿಯಕ್ಕ ಫಲಕದ ಮುಂದೆ ನಿಂತು, “ನಂದು ಕೆಂಪು ಐತಲ್ಲಬೇ. ಕುಂಕುಮದಂಗ ಐತಿ. ಚಲೋದೇನು?” ಎಂದು ಸೊಸೆಯನ್ನು ಕೇಳಿದಳು.

“ಹೂಂ, ಚಲೋದಾ. ನಡಿ,” ಎಂದಳು ಹೊನ್ನೂರಮ್ಮ. ಅತ್ತೆಗೂ ಅವಳಿಗೂ ಮನೆಯಲ್ಲಿ ಒಲೆಯಿಂದ ಹಿಡಿದು ಹಾಸಿಗೆಯ ತನಕ ಜಗಳ. ಆದರೆ ಅವತ್ತು ಅವಳು ಅತ್ತೆಯ ರಟ್ಟೆ ಹಿಡಿದು ಫಲಕದ ಮುಂದಿನಿಂದ ಕರೆದುಕೊಂಡು ಹೋದಳು. ಏಳು ಕೆಂಪಾದರೆ ಹೊರಗೆ ಎಂದು ಪಾಲಾಕ್ಷಪ್ಪ ಹೇಳಿದ್ದು ಅವಳಿಗೆ ಗೊತ್ತಿತ್ತು. ಆ ವಯಸ್ಸಿಗೆ ಕೂಡ್ಲಿಗಿಯಲ್ಲಿ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಕೆಲಸವಿಲ್ಲದ ದಿನ ಕರಿಯಕ್ಕ ಊಟಕ್ಕೆ ಕೂರುವುದಿಲ್ಲ. ದುಡಿಯದೆ ತಿನ್ನಬಾರದೆಂದು ಯಾರೋ ಅವಳ ಮೈಗೆ ಹೊಲಿದುಬಿಟ್ಟಿದ್ದರು.

ಹಾಗಾಗಿ ಮೇಸ್ತ್ರಿ ಅತ್ತ ತಿರುಗಿದಾಗಲೆಲ್ಲ ಹೊನ್ನೂರಮ್ಮ ತನ್ನ ಪುಟ್ಟಿಯಿಂದ ಒಂದು ಹಿಡಿ ಹಿಂದಿನ ಸಾಲಿಗೆ ದಾಟಿಸಿದಳು. ಅಲ್ಲಿಂದ ಮಾರೆಮ್ಮ ಒಂದು ಹಿಡಿ ಸೇರಿಸಿ ಕರಿಯಕ್ಕನ ಪುಟ್ಟಿಗೆ ಹಾಕಿದಳು. ಎರಡು ದಿನ ಮುದುಕಿಗೂ ಹಸಿರು ಬಿತ್ತು. ಮೂರನೆಯ ದಿನ ಗೋಡೆಯ ಮೇಲಿನ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರು.

ಉಜ್ಜಿನಪ್ಪ ಎಲ್ಲರ ಮುಂದೆ ಕರಿಯಕ್ಕನನ್ನು ನಿಲ್ಲಿಸಿದ. “ಕೈ ಎತ್ತು. ಎರಡೂ ಕೈ ಎತ್ತಲೇ ಮುದುಕಿ, ಎಲ್ರಿಗೂ ಕಾಣ್ಲಿ.” ಕರಿಯಕ್ಕ ಎತ್ತಿದಳು. ಬೆರಳುಗಳು ಹುಣಸೆಕಾಯಿಯ ಹಾಗೆಯೇ ಡೊಂಕಾಗಿ ಗಂಟುಗಟ್ಟಿದ್ದವು. “ಈ ಕೈಗೆ ನಾ ಇಷ್ಟು ದಿನ ಕೂಲಿ ಕೊಟ್ಟೀನಿ! ಮಂದಿ ಕೆಲಸ ತಿಂದ್ಕಂಡು ಬದುಕ್ಯಾಳ ಬೋಸುಡಿ.”

“ಯಪ್ಪಾ, ನಿಮ್ಮಪ್ಪಾರ ಕಾಲದಾಗಿಂದ ಕುಟ್ಟೀನ್ರಿ,” ಎಂದಳು ಕರಿಯಕ್ಕ, ಕೈ ಇಳಿಸದೆ.

“ನಮ್ಮಪ್ಪಗ ತಿಳೀಲಿಲ್ಲ, ನನಗ ತಿಳೀತು. ನಡಿ ಆಚಿಗೆ.”

“ಬೇಜಾರು ಮಾಡ್ಕೋಬೇಡಿ ಅಜ್ಜಿ, ಇದರಲ್ಲಿ ವೈಯಕ್ತಿಕ ಏನೂ ಇಲ್ಲ,” ಎಂದ ಕ್ರಾಂತಿಕುಮಾರ್.

ಅವಳ ಚೌಕ ಆ ಹೊತ್ತಿಗೇ ಖಾಲಿಯಾಯಿತು. ಕರಿಯಕ್ಕ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನ ಮುದ್ದೆ ಮುಟ್ಟಲಿಲ್ಲ. ಹೊನ್ನೂರಮ್ಮ ಬೈದಳು, ಬೇಡಿಕೊಂಡಳು, ತಾಟನ್ನು ನೆಲಕ್ಕೆ ಕುಕ್ಕಿದಳು.

“ನಿನ್ನ ಕೈ ಬಾಳ ಜೋರು ಬೇ,” ಎಂದಳು ಮುದುಕಿ ಗೋಡೆಗೇ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಮೆಚ್ಚಿಕೆಯಿತ್ತು. ಹೊನ್ನೂರಮ್ಮನಿಗೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮೂರನೆಯ ದಿನ ಕಂಪನಿಯವರು ಬಂದರು. ಬಿಳಿ ಕಾರಿನಿಂದ ಇಬ್ಬರು ಗಂಡಸರು, ಒಬ್ಬ ಹೆಂಗಸು ಇಳಿದರು. ಉಜ್ಜಿನಪ್ಪ ಶಾಲು ಹೊದಿಸಿದ. ಕ್ರಾಂತಿಕುಮಾರ್ ಗೋಡೆಯ ಮೇಲೆ ದೊಡ್ಡ ಟೀವಿ ಹಾಕಿಸಿದ್ದ. ಅದರಲ್ಲಿ ಹೊನ್ನೂರಮ್ಮ ಸೆರಗು ಸಿಕ್ಕಿಸಿ, ಬೆವರು ಸುರಿಸುತ್ತಾ ಕುಟ್ಟುತ್ತಿದ್ದಳು. ಕೇಕೆಯ ಸದ್ದನ್ನು ತೆಗೆದುಹಾಕಿದ್ದರು.

“ಇದು ವಿಡಿಯೋ. ಈಗ ನೇರವಾಗಿ ನೋಡೋಣ,” ಎಂದು ಅವನು ಹೊನ್ನೂರಮ್ಮನ ಮುಂದೆ ಬಂದು ನಿಂತ. ಟೀವಿಯಲ್ಲಿ ಸೊನ್ನೆ ಮೂಡಿತು. ಪಾಲಾಕ್ಷಪ್ಪ ಸೀಟಿ ಊದಿದ.

ಹೊನ್ನೂರಮ್ಮ ಒಂದು ಹಣ್ಣು ಎತ್ತಿಕೊಂಡಳು. ತಿರುವಿ ನೋಡಿದಳು. ಊದಿ ಧೂಳು ಹಾರಿಸಿದಳು. ಕಲ್ಲಿನ ಮೇಲಿಟ್ಟು, ಎಲ್ಲಿ ಬಿರುಕಿದೆಯೆಂದು ಬೆರಳಿಂದ ತಡವಿದಳು. ಕೊಡತಿ ಮೆಲ್ಲಗೆ ಒಮ್ಮೆ ಬಿತ್ತು. ಸಿಪ್ಪೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟಳು. ಹದಿನೈದು ವರ್ಷ ಎದುರು ಕೂತು ನೋಡಿ ನೋಡಿ ರೇಗಿದ ಕೈ ಅದು. ಅತ್ತೆಯ ಕೈ.

ಟೀವಿಯಲ್ಲಿ ಹನ್ನೊಂದು ಬಂದು ಹೋಯಿತು. ಇಪ್ಪತ್ತು ಬಂತು.

“ಹೊನ್ನೂರಮ್ಮ, ಶುರು ಮಾಡಿ,” ಎಂದ ಕ್ರಾಂತಿಕುಮಾರ್ ನಗುತ್ತಾ.

“ಮಾಡೀನ್ರಿ ಸಾಹೇಬ್ರ.”

ನಾರು ಎಳೆದಳು. ಬೀಜಗಳನ್ನು ಹೆಬ್ಬೆರಳ ಉಗುರಿನಿಂದ ಒಂದೊಂದಾಗಿ ಬಿಡಿಸಿದಳು. ಹಣ್ಣು ಪುಟ್ಟಿಗೆ ಬಿದ್ದಾಗ ಟೀವಿಯಲ್ಲಿ ಐವತ್ತೆರಡು. ಅವಳು ಇನ್ನೊಂದು ಎತ್ತಿಕೊಂಡು ಊದಿದಳು. ಹಿಂದಿನ ಸಾಲಿನಲ್ಲಿ ಮಾರೆಮ್ಮ ಊದಿದ ಸದ್ದು ಕೇಳಿತು. ಆಮೇಲೆ ಅವಳ ಪಕ್ಕದವಳು. ಗೋದಾಮಿನಲ್ಲಿ ಕೊಡತಿಗಳ ಸದ್ದು ಒಂದೊಂದಾಗಿ ಇಳಿಯುತ್ತಾ ಬಂದು, ಎಲ್ಲ ಒಟ್ಟಿಗೆ ಮೆಲ್ಲಗೆ ಬೀಳತೊಡಗಿದವು.

ಉಜ್ಜಿನಪ್ಪನ ಮುಖ ಕಪ್ಪಿಟ್ಟಿತು. ಕಂಪನಿಯವರ ಮುಂದೆ ಜೋರಾಗಿ ಬೈಯುವಂತಿಲ್ಲ, ಬಗ್ಗಿ ಹಲ್ಲು ಕಚ್ಚಿ ಅಂದ: “ಏನಲೇ ಹಡಬಿಟ್ಟಿ, ಮಾನ ಕಳೀತೀಯೇನು? ನಾಳಿಗೆ ನಿನ್ನ ಚೌಕಾನೂ ಖಾಲಿ ಮಾಡಿಸ್ತೀನಿ.”

“ಮಾಡಿಸ್ರಿ.”

ಕ್ರಾಂತಿಕುಮಾರನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕುಕ್ಕರಿಸಿ ಕೂತು, ಟೀವಿ ತೋರಿಸಿ ಕೇಳಿದ. “ಅಮ್ಮ, ಅದೂ ನಿಮ್ಮದೇ ಕೈ ತಾನೆ? ಅವತ್ತು ಆಗಿದ್ದು ಇವತ್ತು ಯಾಕೆ ಆಗ್ತಿಲ್ಲ?”

“ಅವತ್ತು ನೀವು ಹೊಸಬ್ರು ಬಂದು ನಿಂತಿದ್ರಿ. ಮರ್ವಾದಿಗೆ ಒಂದೀಟು ಕುಣದು ತೋರಿಸಿದ್ವಿ. ನೀವು ಕುಣದದ್ದನ್ನ ನಡಿಗಿ ಅಂತ ಬರಕಂಡ್ರಿ.” ಅವಳು ಕೊಡತಿ ಕೆಳಗಿಡಲಿಲ್ಲ. “ದಿನಾ ಕುಣಿಯಾಕ ನಾವೇನು ನಿಮ್ಮಪ್ಪನ ಮದಿವಿಗೆ ಬಂದೀವೇನ್ರಿ?”

ಕಂಪನಿಯ ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಪಾಲಾಕ್ಷಪ್ಪ ಬಂದು ಹೊನ್ನೂರಮ್ಮನ ರಟ್ಟೆ ಹಿಡಿದು ಎಳೆದ. ಅವಳು ಏಳಲಿಲ್ಲ. ಎರಡನೆಯ ಸಾಲಿನಿಂದ ಮಾರೆಮ್ಮ ಎದ್ದಳು, ಹಳದಿ ಗೆರೆ ದಾಟಿ ಬಂದು ಅವಳ ಪಕ್ಕ ಕೂತಳು. ಇನ್ನೊಬ್ಬಳು ಬಂದಳು. ಆಮೇಲೆ ಎಂಟು ಮಂದಿ ಸುತ್ತ ಕೂತಿದ್ದರು. ಪಾಲಾಕ್ಷಪ್ಪನಿಗೆ ಎಳೆಯಲು ಅವಳ ರಟ್ಟೆಯೇ ಸಿಗಲಿಲ್ಲ.

ಟೀವಿಯಲ್ಲಿ ಇನ್ನೂರು ದಾಟಿ ಓಡುತ್ತಿತ್ತು. ನಿಲ್ಲಿಸುವುದನ್ನು ಕ್ರಾಂತಿಕುಮಾರ್ ಮರೆತಿದ್ದ.

ಹೊನ್ನೂರಮ್ಮ ಮುಂದಿನ ಹಣ್ಣು ಎತ್ತಿಕೊಂಡು ತಿರುವಿ ನೋಡಿದಳು.

“ಬರ್ಕಳ್ರಿ ಸಾಹೇಬ್ರ,” ಎಂದಳು.