ನಾಲ್ಕನೆಯ ಕಂಡಿಕೆಯ ಮಗು

ದರ್ಜಿಯು ಪ್ರಮಾಣಪತ್ರಕ್ಕೆ ರುಜು ಹಾಕಲು ಒಪ್ಪಲಿಲ್ಲ. ವಕೀಲರ ಗುಮಾಸ್ತನು ಕೊಟ್ಟ ಲೇಖನಿಯನ್ನು ಬಲಗೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದನು. ಎಡಗೈ ಮಡಿಲ ಮೇಲಿತ್ತು. ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು.

"ಮೊದಲು ಆ ಮಗು ಏನಾಯ್ತು ಹೇಳಿ ಗುಮಾಸ್ತರೇ. ಆಮೇಲೆ ರುಜು."

"ಯಾವ ಮಗು?"

"ನೀವೇ ಬರೆದಿದ್ದೀರಲ್ಲ."

ದರ್ಜಿಯ ಹೆಂಡತಿ ಚೀಲದಿಂದ ಅಪಘಾತ ಪರಿಹಾರದ ಅರ್ಜಿಯ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ತಿಂಗಳ ಹಿಂದೆ ಈ ಕಚೇರಿಯಿಂದಲೇ ಕೊಟ್ಟಿದ್ದ ಪ್ರತಿ ಅದು. ಮಡಿಕೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು. ನಾಲ್ಕನೆಯ ಕಂಡಿಕೆಯ ಕೆಳಗೆ ದರ್ಜಿಯು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದಿದ್ದನು.

ಗುಮಾಸ್ತನು ಓದಿದನು: "ಅರ್ಜಿದಾರರು ತಮ್ಮ ಎಡಗೈಯಲ್ಲಿ ಮಗುವಿನ ಕೈಯನ್ನು ಭದ್ರವಾಗಿ ಹಿಡಿದುಕೊಂಡು, ರಸ್ತೆಯ ಅಂಚಿನಲ್ಲಿ, ಪಾದಚಾರಿಗಳಿಗೆ ತಕ್ಕ ಎಚ್ಚರಿಕೆಯಿಂದ ನಡೆದುಹೋಗುತ್ತಿರುವಾಗ, ಹಿಂದಿನಿಂದ ಅತಿವೇಗವಾಗಿ ಬಂದ ಸದರಿ ವಾಹನವು..."

ಅವನು ಓದುವುದನ್ನು ಅಲ್ಲಿಗೇ ನಿಲ್ಲಿಸಿದನು. ಈ ವಾಕ್ಯ ಅವನದೇ. ಆದರೆ ಈ ದರ್ಜಿಯದಲ್ಲ.

"ಅಣ್ಣಾ, ಇವರು ನಾಲ್ಕು ತಿಂಗಳಿಂದ ಹೀಗೇ," ಎಂದಳು ಹೆಂಡತಿ. "ನಮಗೆ ಮಕ್ಕಳೇ ಇಲ್ಲ. ಅವತ್ತು ಇವರ ಜೊತೆ ನೊಣ ಕೂಡ ಇರ್ಲಿಲ್ಲ. ಆದ್ರೂ ಕೇಳ್ತಾರೆ, ಮಗು ಎಲ್ಲಿ, ಮಗು ಎಲ್ಲಿ ಅಂತ. ಎಡಗಡೆ ತಟ್ಟೆ ಇಡಬೇಡ, ಮಗು ಕೂತಿದೆ ಅನ್ನೋದೊಂದು ಬಾಕಿ."

"ನೀನು ಸುಮ್ನಿರು."

"ಸುಮ್ನಿದ್ದೂ ಸುಮ್ನಿದ್ದೂ ನನ್ನ ಬಾಯಿಗೇ ತುಕ್ಕು ಹಿಡೀತು."

ದರ್ಜಿಯು ಗುಮಾಸ್ತನ ಕಡೆಗೆ ಬಾಗಿದನು. "ನನಗೆ ನೆನಪಿರೋದು ಅಂಗಡಿ ಬಾಗಿಲು ಎಳೆದದ್ದು. ಆಮೇಲೆ ಆಸ್ಪತ್ರೆ ಸೂರು. ನಡುವೆ ಏನೂ ಇಲ್ಲ, ಕತ್ತರಿಸಿ ತೆಗೆದ ಹಾಗೆ. ಆ ನಡುವಿನದ್ದು ನನಗೆ ಗೊತ್ತಾಗಿದ್ದೇ ಈ ಕಾಗದದಿಂದ. ನಾನು ಯಾವುದೋ ಮಗುವಿನ ಕೈ ಹಿಡಿದಿದ್ದೆ. ರಸ್ತೆ ದಾಟಿಸೋಕೆ ಇರಬಹುದು, ದಾರಿ ತಪ್ಪಿದ್ದಿರಬಹುದು. ವ್ಯಾನ್ ಗುದ್ದಿದಾಗ ಅದರ ಕೈ ಬಿಟ್ಟೆನಾ? ಪೊಲೀಸರನ್ನ ಕೇಳಿದೆ, ಆಸ್ಪತ್ರೇಲಿ ಕೇಳಿದೆ. ಎಲ್ಲರೂ ಇಲ್ಲ ಅಂತಾರೆ. ವಿಮಾ ಕಂಪನಿಯವರ ಉತ್ತರ ಓದಿದೆ. ನಾಲ್ಕನೇ ಕಂಡಿಕೆಯಲ್ಲಿರೋದನ್ನೆಲ್ಲ ನಿರಾಕರಿಸ್ತೀವಿ ಅಂತ ಬರೆದಿದ್ದಾರೆ. ಇಲ್ಲದ್ದನ್ನ ಯಾರಾದ್ರೂ ನಿರಾಕರಿಸ್ತಾರಾ?"

ಕಂಪನಿಯ ವಕೀಲರು ಯಾವ ಅರ್ಜಿಯ ನಾಲ್ಕನೆಯ ಕಂಡಿಕೆಯನ್ನೂ ಓದದೆಯೇ ನಿರಾಕರಿಸುವರೆಂಬುದು ಗುಮಾಸ್ತನಿಗೆ ಗೊತ್ತು. ಅವನ ವಕೀಲರು ಅದನ್ನು ಓದದೆಯೇ ರುಜು ಮಾಡುವರೆಂಬುದೂ ಗೊತ್ತು. ಇಬ್ಬರು ಪಂಡಿತರ ನಡುವೆ ಇಲ್ಲದ ಮಗುವೊಂದು ಯಾರ ಕಣ್ಣಿಗೂ ಬೀಳದೆ ನಡೆದುಹೋಗಿತ್ತು. ಕಂಡವನು ಈ ಸಾಮಾನ್ಯ ದರ್ಜಿ ಒಬ್ಬನೇ.

"ನೋಡಿ ಹೇಳ್ತೀನಿ," ಎಂದಷ್ಟೇ ಹೇಳಿ ಅವರನ್ನು ಕಳುಹಿಸಿದನು. ಪಾಟಿಸವಾಲಿಗೆ ಉಳಿದಿದ್ದುದು ಮೂರು ದಿನ.

ಗುಮಾಸ್ತನ ಕೆಲಸದ ಕ್ರಮ ಹೀಗಿತ್ತು. ವಾಹನ ತಾಗಿದ ಪಾದಚಾರಿಗಳ ಹಳೆಯ ಕಡತಗಳನ್ನು ಅವನು ಪೆಟ್ಟು ಬಂದ ದಿಕ್ಕಿನಂತೆ ವಿಂಗಡಿಸಿ ಕಟ್ಟಿಟ್ಟಿದ್ದನು: ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಹೊಸಬರು ಬಂದರೆ ಅದೇ ದಿಕ್ಕಿನ ಹಳೆಯ ಕರಡನ್ನು ಮುಂದಿಟ್ಟುಕೊಂಡು ಹೆಸರು, ಸ್ಥಳ, ವಾಹನದ ಸಂಖ್ಯೆಗಳನ್ನಷ್ಟೇ ಬದಲಿಸಿ ಬೆರಳಚ್ಚು ಮಾಡುವನು. ನೋವು ಬೇರೆಯಾದರೂ ನುಡಿ ಒಂದೇ ಎಂಬುದು ಅವನ ಮೂವತ್ತು ವರ್ಷಗಳ ಅನುಭವ. ಹಿಂದಿನಿಂದ ಬಂದ ಪೆಟ್ಟಿನ ಕಟ್ಟು ತೆಳ್ಳಗಿನದು. ದರ್ಜಿ ಬಂದ ದಿನ ಅದರ ಮೇಲಿದ್ದ ಕಡತವನ್ನೇ ತೆಗೆದುಕೊಂಡಿದ್ದನು. ಹೆಸರು ಬದಲಾಯಿತು, ಬೀದಿ ಬದಲಾಯಿತು, ಲಾರಿ ಹೋಗಿ ವ್ಯಾನು ಬಂದಿತು. ಅಷ್ಟರಲ್ಲಿ ವಕೀಲರು ಕೂಗಿದ್ದರು. ಎದ್ದುಹೋಗಿ ಬಂದು, ಮುಂದಿನ ಸಾಲನ್ನು ಇದ್ದಂತೆಯೇ ಬೆರಳಚ್ಚು ಮಾಡಿದ್ದನು.

ದಾಖಲೆಯ ಕೋಣೆಗೆ ಹೋಗಿ ಆ ಕಡತವನ್ನು ಬಿಚ್ಚಿದನು. ನಡುಹಗಲಿನ ಬೆಳಕು ಎತ್ತರದ ಗವಾಕ್ಷಿಯಿಂದ ಇಳಿದು ಧೂಳಿನಲ್ಲಿ ನಿಂತಿತ್ತು. ಹನ್ನೊಂದು ವರ್ಷಗಳ ಹಿಂದಿನ ಅರ್ಜಿ. ಅರ್ಜಿದಾರಳು ಒಬ್ಬ ತಾಯಿ. ಅವಳಿಗೆ ಕಾಲು ಮುರಿದಿತ್ತು, ಮಗಳು ಉಳಿದಿರಲಿಲ್ಲ.

ಮರೆತೆನೆಂದುಕೊಂಡಿದ್ದುದೆಲ್ಲ ಎದ್ದು ಬಂದಿತು. ಅವಳು ಅವನ ಮೇಜಿನ ಮುಂದೆ ಕುಳಿತು, ಪರಿಹಾರವೆಷ್ಟು ಸಿಗುವುದೆಂದು ಒಮ್ಮೆಯೂ ಕೇಳಿರಲಿಲ್ಲ. "ನಾನು ಕೈ ಬಿಟ್ಟಿರ್ಲಿಲ್ಲ ಅಂತ ಬರೀರಿ" ಎಂದು ಮತ್ತೆ ಮತ್ತೆ ಹೇಳಿದ್ದಳು. ಅದು ಅನಗತ್ಯ, ಕಾನೂನಿಗೆ ಸಂಬಂಧಿಸಿದ್ದಲ್ಲವೆಂದು ವಕೀಲರು ಹೊಡೆದುಹಾಕಿಸಿದ್ದರು. ಅವಳು ಹೊರಗೆ ಬಂದು ಗುಮಾಸ್ತನ ಮುಖವನ್ನು ನೋಡಿದಳು. ಅವನು ವಕೀಲರಿಗೆ ತಿಳಿಸದೆ ಆ ಸಾಲನ್ನು ಮತ್ತೆ ಸೇರಿಸಿದನು. "ಭದ್ರವಾಗಿ" ಎಂಬ ಮಾತನ್ನು ತಾನೇ ಕೂಡಿಸಿದನು. ಅವಳು ಆ ಮಾತಿನ ಮೇಲೆ ಬೆರಳಿಟ್ಟು, ಎರಡು ಸಲ ಓದಿಸಿಕೊಂಡು, ಆಮೇಲೆ ಹೆಬ್ಬೆಟ್ಟು ಒತ್ತಿದ್ದಳು.

ಅಳಿವಿಲ್ಲದ್ದು ಎಂಬ ಕಾರಣದಿಂದಲೇ ಹಿರಿಯರು ಅದನ್ನು ಅಕ್ಷರವೆಂದು ಕರೆದರು. ಆ ನುಡಿಯನ್ನು ಗುಮಾಸ್ತನು ಈವರೆಗೆ ಸ್ತುತಿಯೆಂದೇ ತಿಳಿದಿದ್ದನು. ಅದರಲ್ಲಿ ಭಯವೂ ಉಂಟೆಂದು ಆ ಕೋಣೆಯಲ್ಲಿ ತಿಳಿಯಿತು. ಒಬ್ಬಳ ಸಮಾಧಾನಕ್ಕಾಗಿ ಬರೆದದ್ದು ಹನ್ನೊಂದು ವರ್ಷ ಕಟ್ಟಿನೊಳಗೆ ಕಾದಿದ್ದು, ತೆರವಾದ ಕೈಯೊಂದು ಸಿಕ್ಕಿದ ಕೂಡಲೇ ಹಿಡಿದುಕೊಂಡಿತ್ತು.

ಸಂಜೆಗೆ ವಕೀಲರಿಗೆ ಎಲ್ಲವನ್ನೂ ಹೇಳಿದನು. ಅವರು ಕನ್ನಡಕ ತೆಗೆದು ಹುಬ್ಬನ್ನು ತಿಕ್ಕಿಕೊಂಡರು.

"ಏನಯ್ಯಾ, ಮೂವತ್ತು ವರ್ಷ ನೀನು ಬರೆದದ್ದಕ್ಕೆ ನಾನು ಕಣ್ಣು ಮುಚ್ಚಿ ರುಜು ಹಾಕಿದ್ದೀನಿ. ಈಗ ಮಗು ಬೇರೆ ಹೆತ್ತು ಕೊಟ್ಟಿದ್ದೀಯಾ?"

"ತಪ್ಪಾಯ್ತು ಸ್ವಾಮಿ."

"ತಿದ್ದುಪಡಿ ಅರ್ಜಿ ಹಾಕೋಣ. ನಿನ್ನ ತಪ್ಪು ಅಂತ ನೀನೇ ನಿಂತು ಹೇಳಬೇಕಾಗುತ್ತೆ. ಅದು ಹಾಗಿರಲಿ. ಆತ ಕಟಕಟೆಯಲ್ಲಿ ಮಗು ಗಿಗು ಅಂದನೋ, ಮುಗೀತು. ಮತಿಭ್ರಮಣೆ ಆದವನ ಮಾತು ಅಂತ ಎಲ್ಲಾ ಸಾಕ್ಷ್ಯವನ್ನೂ ಗುಡಿಸಿ ಹಾಕ್ತಾರೆ. ಹೋಗು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದು ಬಾ."

ಮರುದಿನ ಬೆಳಗ್ಗೆ ಗುಮಾಸ್ತನು ದರ್ಜಿಯ ಅಂಗಡಿಗೆ ಹೋದನು. ಒಂದೇ ಕೋಣೆ, ಎರಡು ಹೊಲಿಗೆ ಯಂತ್ರಗಳಲ್ಲಿ ಒಂದಕ್ಕೆ ಹೊದಿಕೆ ಮುಚ್ಚಿತ್ತು. ಇನ್ನೊಂದರಲ್ಲಿ ಹೆಂಡತಿ ದಿಂಬಿನ ಚೀಲಗಳ ಅಂಚು ಹೊಲಿಯುತ್ತಿದ್ದಳು. ಮೊಳೆಯಲ್ಲಿ ನೀಲಿ ಬಣ್ಣದ ಪುಟ್ಟ ಫ್ರಾಕೊಂದು ತೂಗುತ್ತಿತ್ತು.

ಗುಮಾಸ್ತನ ನೋಟವನ್ನು ಕಂಡು ಅವಳೆಂದಳು: "ಕತ್ತರಿಸಿದ್ದು ಇವರು, ಒಂದೇ ಕೈಯಲ್ಲಿ. ಬಟ್ಟೆ ತಳ್ಳಿದ್ದು ನಾನು. ಅಳತೆ ಯಾರದು ಅಂದ್ರೆ, ಕೈಯ ಗಾತ್ರ ತಿಳಿದ್ರೆ ಮೈಯ ಗಾತ್ರ ತಿಳಿಯಲ್ವಾ ಅಂತಾರೆ."

"ಆರು ವರ್ಷದ್ದು," ಎಂದನು ದರ್ಜಿ. "ಸ್ವಲ್ಪ ಸಣಕಲು."

ತಾಯಿಯ ಹಳೆಯ ಕಡತದಲ್ಲಿ ಮಗುವಿನ ವಯಸ್ಸು ಆರು ಎಂದಿತ್ತು. ದರ್ಜಿಗೆ ಕೊಟ್ಟ ಪ್ರತಿಯಲ್ಲಿ ವಯಸ್ಸಿರಲಿಲ್ಲ. ಗುಮಾಸ್ತನು ಅದನ್ನು ನುಂಗಿಕೊಂಡು, ಉಳಿದುದೆಲ್ಲವನ್ನೂ ಮೊದಲಿನಿಂದ ಹೇಳಿದನು: ಕಟ್ಟು, ಕರಡು, ತಾಯಿ, ತನ್ನ ಅಜಾಗ್ರತೆ. ಹೊಲಿಗೆ ಯಂತ್ರ ನಿಂತಿತು.

ದರ್ಜಿಯು ಕೇಳಿದನು: "ಹಾಗಾದ್ರೆ ನಾನು ಕೈ ಬಿಟ್ಟಿಲ್ಲ?"

"ಬಿಡೋಕೆ ಯಾರೂ ಇರ್ಲಿಲ್ಲ. ನೀವು ಒಬ್ಬರೇ ಇದ್ರಿ."

ದರ್ಜಿಯು ಉಸಿರು ಬಿಟ್ಟನು. ನಾಲ್ಕು ತಿಂಗಳ ಉಸಿರು ಅದು. ಹೆಂಡತಿಯ ಕಣ್ಣು ತುಂಬಿ ಬಂದಿತು. ಮರುಕ್ಷಣವೇ ಕೋಪವೂ ಬಂದಿತು.

"ಅಲ್ಲ ಅಣ್ಣಾ, ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನಾನಾ ನೀವು? ನೀವೂ ಓದಲಿಲ್ಲ, ಅವರೂ ಓದಲಿಲ್ಲ, ಓದಿದ ಈ ಮನುಷ್ಯನಿಗೆ ಹುಚ್ಚು ಅಂತ ನಾನು ದಿನಾ ಬೈದೆ. ಆ ಪಾಪ ಯಾರ ತಲೆಗೆ?"

"ನನ್ನ ತಲೆಗೇ ಅಮ್ಮ."

"ನಿಮ್ಮ ತಲೇಲಿ ಜಾಗ ಇದೆಯಾ ಅಂತ!"

ಗುಮಾಸ್ತನು ತಲೆ ತಗ್ಗಿಸಿಕೊಂಡೇ ಉಳಿದ ಮಾತನ್ನೂ ಹೇಳಿದನು. ಎಡ ಮೊಣಕೈಯಿಂದ ಕೆಳಗೆ ಚಲನೆಯೂ ಇಲ್ಲ, ಸಂವೇದನೆಯೂ ಇಲ್ಲವೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ದರ್ಜಿಯ ಜೀವನೋಪಾಯವಾದ ಕೈ ಹೋಯಿತೆಂಬುದು ಆ ಒಂದು ಕಾಗದದ ಮೇಲೆ ನಿಂತಿದೆ. ನಾಳಿದ್ದು ಕಂಪನಿಯವರು ಅದನ್ನೇ ಕೆದಕುತ್ತಾರೆ. ಅದರಲ್ಲಿ ಏನೋ ತಿಳಿಯುತ್ತದೆ ಎಂದು ದರ್ಜಿ ಅಂದರೆ ಕೈ ಸತ್ತಿಲ್ಲವೆಂದು ವಾದಿಸುತ್ತಾರೆ.

ದರ್ಜಿಯು ತನ್ನ ಎಡಗೈಯನ್ನು ನೋಡಿದನು. ಆಮೇಲೆ, ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದನು:

"ನೀವು ಹೇಳಿದ್ದು ನಂಬಿದೆ ಸ್ವಾಮಿ. ಒಂದಕ್ಷರ ಅನುಮಾನ ಇಲ್ಲ. ಆದ್ರೆ ಹಿಡಿತ ಹೋಗಿಲ್ಲ. ಈಗ್ಲೂ ಎರಡು ಬೆರಳು ಹಿಡ್ಕೊಂಡಿದ್ದಾಳೆ."

"ಅದು ನರದ ಭ್ರಮೆ."

"ಇರಬಹುದು. ನೀವು ನನಗೆ ಬಂದು ಹೇಳಿದ್ರಿ, ನನ್ನ ಮನಸ್ಸು ಬಿಟ್ಟಿತು. ಅವಳಿಗೆ ಯಾರು ಹೇಳ್ತಾರೆ?"

ಬಿಸಿಲಿನಲ್ಲಿ ಹಿಂದಿರುಗುವಾಗ ಗುಮಾಸ್ತನು ರಸ್ತೆಯ ಅಂಚನ್ನು ಬಿಟ್ಟು ಕದಲಲಿಲ್ಲ. ಹಿಂದಿನಿಂದ ವಾಹನದ ಸದ್ದು ಕೇಳಿದಾಗಲೆಲ್ಲ ನಿಂತು, ಅದು ಹೋದ ಮೇಲೆ ನಡೆದನು.

ವಿಚಾರಣೆಯ ದಿನ ಮೊದಲು ಗುಮಾಸ್ತನೇ ನಿಲ್ಲಬೇಕಾಯಿತು. ಹಳೆಯ ಕರಡಿನ ಸಾಲು ತನ್ನ ಅಜಾಗ್ರತೆಯಿಂದ ಉಳಿದುಕೊಂಡಿತೆಂದು ಹೇಳಿದನು. ನ್ಯಾಯಾಧೀಶರು ಅರ್ಜಿಯನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಬರೆಯುವವರು ಓದುವುದೂ ಒಳ್ಳೆಯದು" ಎಂದರು. ಕಿರಿಯ ಗುಮಾಸ್ತರು ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಕ್ಕರು. ನಾಲ್ಕನೆಯ ಕಂಡಿಕೆಯಿಂದ ಮಗು ಹೊರಟುಹೋಯಿತು. ಕೆಂಪು ಶಾಯಿಯ ಒಂದು ಗೆರೆ ಸಾಕಾಯಿತು.

ದರ್ಜಿಯು ಪ್ರಮಾಣಪತ್ರಕ್ಕೆ ರುಜು ಹಾಕಿ, ಮೂರು ಮೆಟ್ಟಿಲು ಹತ್ತಿ ಕಟಕಟೆಯಲ್ಲಿ ನಿಂತು ಸತ್ಯವನ್ನೇ ಹೇಳುವೆನೆಂದು ಪ್ರಮಾಣ ಮಾಡಿದನು. ಕಂಪನಿಯ ವಕೀಲರು ನಿಧಾನವಾಗಿ ಎದ್ದರು.

"ಅಪಘಾತದ ಹೊತ್ತು ನಿಮ್ಮ ಜೊತೆ ಯಾರಿದ್ರು?"

"ನನಗೆ ನೆನಪಿಲ್ಲ. ಯಾರೂ ಇರ್ಲಿಲ್ಲ ಅಂತ ತಿಳಿದವರು ಹೇಳಿದ್ದಾರೆ."

"ಎಡಗೈಗೆ ಬಿಸಿ ತಿಳಿಯುತ್ತಾ?"

"ಇಲ್ಲ."

"ಸೂಜಿ ಚುಚ್ಚಿದ್ರೆ?"

"ಇಲ್ಲ. ಚುಚ್ಚಿ ನೋಡಿ ಸ್ವಾಮಿ, ದರ್ಜಿಗೆ ಸೂಜಿ ಹೊಸದಲ್ಲ."

ಒಂದಿಬ್ಬರು ನಕ್ಕರು. ವಕೀಲರು ನಗಲಿಲ್ಲ.

"ಅಂದ್ರೆ ಆ ಕೈಯಲ್ಲಿ ನಿಮಗೆ ಏನೂ, ಯಾವುದೂ ತಿಳಿಯೋದೇ ಇಲ್ಲ. ಪ್ರಮಾಣ ಮಾಡಿ ಹೇಳ್ತಿದ್ದೀರಿ. ಹೌದೋ ಅಲ್ಲವೋ?"

ದರ್ಜಿಯು ಎಡಗೈಯತ್ತ ಕಣ್ಣು ತಗ್ಗಿಸಿದನು. ಹೆಂಡತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಗುಮಾಸ್ತನು ಕಣ್ಣು ಮುಚ್ಚಿಕೊಂಡು ತಾನು ನಂಬಿದ ದೇವರನ್ನು ನೆನೆದನು; ಸುಳ್ಳಾಡಿಸೆಂದು ಬೇಡಲು ನಾಲಗೆ ಏಳಲಿಲ್ಲ, ನಿಜವಾಡಿಸೆಂದು ಬೇಡಲು ಧೈರ್ಯ ಬರಲಿಲ್ಲ. ಮೇಲೆ ಪಂಖ ತಿರುಗುತ್ತಿತ್ತು.

"ನನ್ನ ಬೆರಳು ಒಂದೂ ನನಗೆ ತಿಳಿಯಲ್ಲ," ಎಂದನು ದರ್ಜಿ ಕೊನೆಗೆ. "ಆ ಕೈಯಲ್ಲಿ ನನ್ನದು ಅನ್ನೋದು ಏನೂ ಉಳಿದಿಲ್ಲ ಸ್ವಾಮಿ."

ಕಂಪನಿಯ ವಕೀಲರು ಕಾಗದಗಳನ್ನು ಮಡಚಿ ಕುಳಿತರು. ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಹೇಳಿ ಬರೆಯಿಸಿದರು: "ಎಡಗೈಯಲ್ಲಿ ಯಾವುದೇ ಸಂವೇದನೆ ಇಲ್ಲವೆಂದು ಸಾಕ್ಷಿಯು ನುಡಿದಿರುತ್ತಾನೆ." ಗುಮಾಸ್ತನ ಪಕ್ಕದಲ್ಲಿದ್ದ ವಕೀಲರು, "ಗೆದ್ದ ಹಾಗೇ ಕಣಯ್ಯಾ" ಎಂದು ಪಿಸುಗುಟ್ಟಿದರು.

ಗುಮಾಸ್ತನು ಕಟಕಟೆಯನ್ನೇ ನೋಡುತ್ತಿದ್ದನು. ದರ್ಜಿಯು ಇಳಿಯುತ್ತಿದ್ದನು. ಒಂದು ಮೆಟ್ಟಿಲು ಇಳಿದು ನಿಂತನು. ಎಡಕ್ಕೆ ತುಸು ಬಾಗಿ, ಕಾದು, ಆಮೇಲೆ ಇನ್ನೊಂದು ಮೆಟ್ಟಿಲು ಇಳಿದನು. ಕೊನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು ಕಾದನು. ಹೆಂಡತಿ ಆಸರೆ ಕೊಡಲೆಂದು ಬೆಂಚಿನಿಂದೆದ್ದು ಅವನ ಎಡಬದಿಗೆ ನಡೆದಳು. ಎರಡು ಹೆಜ್ಜೆ ಇರುವಾಗ ತಟ್ಟನೆ ನಿಂತು ನೆಲವನ್ನು ನೋಡಿದಳು. ಆಮೇಲೆ ಸುತ್ತಿ ಬಂದು, ಅವನ ಬಲಗೈಯನ್ನು ಹಿಡಿದುಕೊಂಡಳು.