ಉಳಿಸಿಕೊಳ್ಳಬೇಕಾದವರ ಹೆಸರು

"ಉಳಿಸಿಕೊಳ್ಳಬೇಕಾದವರ ಹೆಸರು ಬರೆಯಿರಿ. ಬೇರೆಯವರ ನೆನಪು ಅಳಿಸಿಹೋಗುತ್ತದೆ" ಎಂದು ಕಂಪ್ಯೂಟರಿನ ಪರದೆಯ ಮೇಲೆ ಬಂದಾಗ ಬೆಗಿಮಾಯ್‌ಳ ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಬೋರ್ಸೊಕ್ ಕರಿಯಲು ಕಲಸಿಟ್ಟ ಹಿಟ್ಟು ಒಲೆಯ ಪಕ್ಕದಲ್ಲಿ ಉಬ್ಬುತ್ತಿತ್ತು. ಅತ್ತೆ ಪಕ್ಕದ ಮನೆಯ ಕಾಲಿಚಾಳ ಜೊತೆ ಉಣ್ಣೆ ಬಡಿಯಲು ಹೋಗಿದ್ದರು. ಅವರು ಬರುವಷ್ಟರಲ್ಲಿ ಎರಡು ಕೆಲಸವೂ ಮುಗಿಯಬೇಕಿತ್ತು.

ಕೈ ಒರೆಸಿಕೊಂಡು ಮೊದಲು ಗಂಡನ ಹೆಸರು ಬರೆದಳು, ಕುಬಾತ್. ಗಂಡನ ಹೆಸರಿಗೆಲ್ಲ ಈಗಿನ ಹುಡುಗಿಯರು ಅಂಜುವುದಿಲ್ಲ. ಆಮೇಲೆ ತನ್ನದು. ಮೂರನೆಯದಕ್ಕೆ ಬಂದಾಗ ಬೆರಳು ಒಂದು ಗಳಿಗೆ ನಿಂತಿತು, ನಂತರ ತಾನಾಗಿಯೇ 'ಅಪಾ' ಎಂದು ಬರೆಯಿತು. ಅಮ್ಮ ಎನ್ನುವಂತೆ ಅವಳು ಅತ್ತೆಯನ್ನು ಕರೆಯುತ್ತಿದ್ದದ್ದು ಹಾಗೇ. ಯಂತ್ರ ತಕರಾರು ಮಾಡಲಿಲ್ಲ. ಅಪಾ ಎಂಬ ಹೆಸರಿನಲ್ಲಿ ಅದರ ಹತ್ತಿರ ಏನೋ ಇತ್ತು. "ಅಳಿಸಲೇ?" ಎಂದು ಕೇಳಿತು. ಬೆಗಿಮಾಯ್ ಹೂಂ ಎಂದು ಒತ್ತಿ, ಎಣ್ಣೆ ಕಾಯಲು ಇಟ್ಟಳು.

ಅತ್ತೆಗೊಂದು ಹೆಸರಿತ್ತು, ಇಲ್ಲದೆ ಏನು. ಆದರೆ ಅದನ್ನು ಬೆಗಿಮಾಯ್ ಹೇಳುವವಳಲ್ಲ, ಬರೆಯುವವಳೂ ಅಲ್ಲ. ಸೊಸೆಯಾಗಿ ಈ ಹೊಸಿಲು ದಾಟಿದ ದಿನ ಓರಗಿತ್ತಿಯರು ಕಿವಿಯಲ್ಲಿ ಊದಿದ ಮೊದಲ ಮಾತೇ ಅದು: ಹಿರಿಯರ ಹೆಸರು ಬಾಯಲ್ಲಿ ಬರಕೂಡದು. ಕರೆಂಟಿನ ಬಿಲ್ಲು ಬಂದರೆ ಅವಳ ಕಣ್ಣು ಅತ್ತೆಯ ಹೆಸರಿದ್ದ ಮೇಲಿನ ಸಾಲನ್ನು ಬಿಟ್ಟು ಕೆಳಗಿನ ಸಾಲಿಗೇ ಇಳಿಯುತ್ತಿತ್ತು. ಅತ್ತೆಯಂತೂ ಈ ವಿಷಯದಲ್ಲಿ ಅವಳಿಗಿಂತ ಒಂದು ಕೈ ಮೇಲು. ತೀರಿಹೋದ ಮಾವನ ಹೆಸರು ತೆಮಿರ್, ಎಂದರೆ ಕಬ್ಬಿಣ. ಅದಕ್ಕೇ ಅವರು ಕಬ್ಬಿಣ ಎನ್ನುವ ಮಾತನ್ನೇ ಬಿಟ್ಟಿದ್ದರು. ಬಾಣಲೆ, ಸಲಿಕೆ, ಕುದುರೆಯ ಲಾಳ, ಎಲ್ಲವೂ ಅವರ ಬಾಯಲ್ಲಿ 'ಕರಿಯದು'. ಗಂಡ ಮಣ್ಣಿಗೆ ಹೋದ ಮೇಲೂ ಅದು ಕರಿಯದಾಗಿಯೇ ಉಳಿಯಿತು.

ಯಂತ್ರದ ಹೆಸರು ಬಿಲೆರ್‌ಮಾನ್. ಎಲ್ಲಾ ಬಲ್ಲವನು ಎಂದು ಕುಬಾತ್ ಗೇಲಿಗೆ ಇಟ್ಟದ್ದು ಹಾಗೇ ನಿಂತಿತ್ತು. ಬೆಗಿಮಾಯ್ ಅತ್‌ಬಾಷಿಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಕಣಿವೆಯಲ್ಲಿ ಗಾಳಿ ಎದ್ದರೆ ಇಂಟರ್ನೆಟ್ ಮಾಯವಾಗುತ್ತಿತ್ತು. ಅದೂ ಅಲ್ಲದೆ, ಮನೆಯ ಮಾತು ಹೊರಗಿನವರ ಯಂತ್ರಕ್ಕೆ ಯಾಕೆ ಹೋಗಬೇಕು ಎನ್ನುವುದು ಅವಳ ಹಟ. ಹಳೆಯ ಕಂಪ್ಯೂಟರ್ ಒಂದನ್ನು ತಂದು, ಕಿರ್ಗಿಜ್ ಮಾತು ಬಲ್ಲ ಸಹಾಯಕನನ್ನು ತಾನೇ ಅದರೊಳಗೆ ಕೂಡಿಸಿ, ಹಾಸಿಗೆ ಜೋಡಿಸಿಟ್ಟ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದಳು. ಊರಿನಲ್ಲಿ ಇಂಥದ್ದು ಮತ್ತೊಂದಿರಲಿಲ್ಲ. ಒಳಗೊಳಗೇ ಅವಳಿಗೆ ಇದರ ಜಂಬವೂ ಇತ್ತು.

ಮೊದಮೊದಲು ಅತ್ತೆ ಅದರ ಮೈಕಿನ ಮೇಲೆ ಬಟ್ಟೆ ಮುಚ್ಚುತ್ತಿದ್ದರು. ಆಮೇಲೆ ಯಾವಾಗ ಬಟ್ಟೆ ತೆಗೆದರೋ ಯಾರಿಗೂ ತಿಳಿಯದು. ಕುಬಾತ್ ಲಾರಿ ಹತ್ತಿ ಗಡಿಯ ಕಡೆಗೆ ಹೋದರೆ, ಬೆಗಿಮಾಯ್ ಶಾಲೆಗೆ ಹೋದರೆ, ಹಗಲೆಲ್ಲ ಮನೆಯಲ್ಲಿ ಅವರಿಬ್ಬರೇ, ಅತ್ತೆ ಮತ್ತು ಬಿಲೆರ್‌ಮಾನ್. ಒಂದು ದಿನ ಬೆಗಿಮಾಯ್ ಬೇಗ ಬಂದಾಗ ಒಳಗೆ ಅತ್ತೆ ನಗುತ್ತಿರುವುದು ಕೇಳಿಸಿತು. ಬಾಗಿಲು ತೆರೆದಳು. ಅತ್ತೆ ಸುಮ್ಮನಾದರು, ಬಿಲೆರ್‌ಮಾನೂ ಸುಮ್ಮನಾಯಿತು. ಹವಾಮಾನದ ಮಾತೋ ಏನೋ ಎಂದು ಅವಳು ಚಹಾಕ್ಕೆ ನೀರಿಟ್ಟಳು.

ಈ ಶರತ್ಕಾಲದಲ್ಲಿ ಅದರ ಹೊಟ್ಟೆ ತುಂಬಿಹೋಯಿತು. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಕೊಡುತ್ತಿತ್ತು. ಘಾಟಿ ರಸ್ತೆ ತೆರೆದಿದೆಯೇ ಎಂದು ಕುಬಾತ್ ಕೇಳಿದರೆ ಅವನ ತಾಯಿಯ ರಕ್ತದೊತ್ತಡ ಎಷ್ಟೆಂದು ಹೇಳಿತು.

"ಇದಕ್ಕೂ ಅರಳುಮರಳು ಶುರುವಾಯ್ತು ನೋಡು" ಎಂದ ಕುಬಾತ್.

"ನಂಗೇನೂ ತೊಂದ್ರೆ ಇಲ್ಲಪ್ಪ" ಎಂದರು ಅತ್ತೆ. "ನಿಧಾನವಾಗಿ ಮಾತಾಡುತ್ತೆ. ನಾನೂ ಹಾಗೇ ಅಲ್ವಾ."

"ಒಂದ್ಸಲ ಪೂರ್ತಿ ಅಳಿಸಿ ಹೊಸದಾಗಿ ಹಾಕಿದ್ರೆ ಸರಿಹೋಗುತ್ತೆ ಅಪಾ" ಎಂದಳು ಬೆಗಿಮಾಯ್.

ಅತ್ತೆ ಬಟ್ಟಲನ್ನು ಕೆಳಗಿಟ್ಟರು. "ಅಳಿಸಿದ್ರೆ ನಮ್ಮನ್ನ ಮರೆತುಬಿಡುತ್ತಾ?"

"ಅಯ್ಯೋ ಇಲ್ಲ. ನಿಮ್ದೆಲ್ಲ ಜೋಪಾನವಾಗಿ ತೆಗೆದಿಟ್ಕೋತೀನಿ. ಏನೂ ಹೋಗಲ್ಲ."

"ಹಾಗಾದ್ರೆ ಸರಿ" ಎಂದಿದ್ದರು ಅತ್ತೆ.

ಅವರು ಕಾಲಿಚಾಳ ಮನೆಯಿಂದ ಬಂದಾಗ ಹೊಸ ಬಿಲೆರ್‌ಮಾನ್ ತಯಾರಾಗಿತ್ತು. ತಲೆವಸ್ತ್ರದ ಮೇಲಿನ ಉಣ್ಣೆಯ ಎಳೆ ಕೊಡವಿಕೊಂಡು ತಮ್ಮ ಜಾಗದಲ್ಲಿ ಕೂತು, ಅವರು ಡಬ್ಬದ ಕಡೆ ತಿರುಗಿದರು. "ಬಂದೆ ಕಣಪ್ಪ" ಎಂದರು.

"ನಮಸ್ಕಾರ ಅಪಾ" ಎಂದಿತು ಅದು, ತಡಮಾಡದೆ.

ಅತ್ತೆ ಕಾದರು. "ಯಾರು ಬಂದಿದ್ದು, ಹೇಳು?"

"ಅಪಾ ಬಂದಿದ್ದೀರಿ."

"ಯಾವ ಅಪಾ?"

"ಈ ಮನೆಯ ಅಪಾ. ಬೆಳಿಗ್ಗೆ ಬಿಳಿ ಮಾತ್ರೆ, ಸಂಜೆ ಅರ್ಧ ಮಾತ್ರೆ. ಹಲ್ಲಿಲ್ಲದ ಕಾರಣ ಗಟ್ಟಿ ತಿಂಡಿ ಕೊಡಬಾರದು."

ಬೆಗಿಮಾಯ್ ನಕ್ಕುಬಿಟ್ಟಳು. "ನೋಡಿದ್ರಾ, ಎಷ್ಟು ಚುರುಕಾಗಿದೆ." ಅತ್ತೆ ತಲೆಯಾಡಿಸಿದರು. ಬೋರ್ಸೊಕ್ಕನ್ನು ಚಹಾದಲ್ಲಿ ಅದ್ದಿ ತಿಂದರು, ಚೆನ್ನಾಗಿದೆ ಎಂದರು. ಮಾರನೆಯ ದಿನ ಮೈಕಿನ ಮೇಲೆ ಬಟ್ಟೆ ಬಿದ್ದಿತ್ತು.

ಅತ್ತೆ ಮುನಿಸಿಕೊಂಡಿರಲಿಲ್ಲ. ಮುನಿಸಿಕೊಂಡಿದ್ದರೆ ಬೆಗಿಮಾಯ್‌ಗೆ ಸಮಾಧಾನ ಹೇಳುವ ದಾರಿಯಾದರೂ ಇರುತ್ತಿತ್ತು. ಹಸು ಕರೆದರು, ಸಗಣಿಯ ಬೆರಣಿ ಒಟ್ಟಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಆದರೆ ಹಗಲು ಹೊತ್ತು ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಗಾಳಿ ಕೊರೆಯುತ್ತಿದ್ದರೂ ಅಂಗಳದಲ್ಲೇ ಕೂತು ಜಮಖಾನಕ್ಕೆ ಕಂಬಳಿಯ ತುಂಡು ಹೊಲಿಯುತ್ತಿದ್ದರು. ಮೈಗೆ ಹುಷಾರಿಲ್ಲವೇನೋ ಎಂದು ಬೆಗಿಮಾಯ್ ರಕ್ತದೊತ್ತಡ ನೋಡುವ ಯಂತ್ರ ತಂದು ತೋಳಿಗೆ ಕಟ್ಟಿದಳು. ಎಲ್ಲ ಸರಿಯಾಗಿಯೇ ಇತ್ತು.

ಕೊನೆಗೆ ಗುಟ್ಟು ಬಿಟ್ಟವಳು ಕಾಲಿಚಾ. ಜರಡಿ ವಾಪಸು ಕೊಡಲು ಹೋದ ಬೆಗಿಮಾಯ್‌ಳನ್ನು ಅವಳು ಬಾಗಿಲಲ್ಲೇ ತಡೆದಳು.

"ಬಾರಮ್ಮ ಟೀಚರಮ್ಮ. ನಮ್ಮಕ್ಕನ ಬಾಯಿಗೆ ಬೀಗ ಹಾಕಿದ್ದು ನೀನೇ ಅಂತೆ?"

"ನಾನೇನ್ ಮಾಡ್ದೆ?"

"ಯಾರಿಗೂ ಹೇಳ್ಬೇಡ ಅಂತ ಅಕ್ಕ ಆಣೆ ಹಾಕಿಸಿದ್ರು. ನಾನು ಯಾರಿಗೂ ಹೇಳಿಲ್ಲ, ಈಗ ನಿಂಗೆ ಬಿಟ್ಟು." ಕಾಲಿಚಾ ದನಿ ತಗ್ಗಿಸಿದಳು. "ನಿನ್ನ ಆ ಡಬ್ಬ ಅವರನ್ನ ಹೆಸರು ಹಿಡಿದು ಕರೀತಿತ್ತು ಕಣೆ. ಮೊದಲ ಸಲ ಕೇಳಿದಾಗ ನಂಗೆ ನಗು ತಡೆಯೋಕಾಗ್ಲಿಲ್ಲ. ಅಕ್ಕನ ಮುಖ ನೋಡಿ ಬಾಯಿ ಮುಚ್ಕೊಂಡೆ."

ಬೆಗಿಮಾಯ್ ಜರಡಿ ಹಿಡಿದೇ ನಿಂತಿದ್ದಳು.

"ಬರೀ ಕರೆಯೋದಲ್ಲ. ಅವರಪ್ಪ ಹೊಳೆಯ ಆಚೆ ದಡದಿಂದ ಕೂಗ್ತಿದ್ರಂತಲ್ಲ, ಹಾಗೆ, ಎಳೆದು ಎಳೆದು. ಹಾಗಲ್ಲ ಹೀಗೆ, ಹಾಗಲ್ಲ ಹೀಗೆ ಅಂತ ಹೋದ ಚಳಿಗಾಲ ಪೂರ್ತಿ ಅದಕ್ಕೆ ಕಲಿಸಿದ್ರು. ನೀನೇ ಹೇಳು, ಈ ಮನೆಗೆ ಬಂದ್ಮೇಲೆ ಅವರನ್ನ ಯಾರು ಹೆಸರು ಹಿಡಿದು ಕರೆದ್ರು? ಅತ್ತೆ 'ಸೊಸೆ' ಅಂದ್ರು. ಗಂಡ 'ಏ, ಇವಳೇ' ಅಂದ. ನಮಗೆ ಅಕ್ಕ, ನಿಮಗೆ ಅಪಾ. ಕರೆಯೋವ್ರೆಲ್ಲ ಯಾವಾಗ್ಲೋ ಮಣ್ಣಾದ್ರು."

ಬೆಗಿಮಾಯ್ ಮನೆಗೆ ಬಂದು ಯಂತ್ರದ ಮುಂದೆ ಕೂತಳು. ಆಗ ಅವಳಿಗೆ ಎಲ್ಲ ಅರ್ಥವಾಯಿತು. ಅತ್ತೆ ತಮ್ಮ ಪರಿಚಯ ಹೇಳಿಕೊಂಡದ್ದು ತಮ್ಮ ಹೆಸರಿನಿಂದ. ಅವರ ಮಾತೆಲ್ಲ ಕೂಡಿದ್ದು ಆ ಹೆಸರಿನ ಕೆಳಗೆ. ಇವಳು 'ಅಪಾ' ಎಂದು ಉಳಿಸಿಕೊಂಡದ್ದನ್ನೆಲ್ಲ ಇವಳೇ ಬರೆದಿದ್ದಳು: ಮಾತ್ರೆ, ಬೂಟಿನ ಅಳತೆ, ಡಾಕ್ಟರ ನಂಬರು. ಹಳೆಯದರ ಚೂರಾದರೂ ಸಿಕ್ಕೀತೆಂದು ಡಿಸ್ಕನ್ನು ಜಾಲಾಡಿದಳು. ಅವಳು ಅರೆಬರೆ ಕೆಲಸ ಮಾಡುವವಳಲ್ಲ. ಅಳಿಸಿದ್ದರ ಮೇಲೆ ಹೊಸದನ್ನು ಬರೆದು ಪೂರ್ತಿ ತುಂಬಿಸಿಬಿಟ್ಟಿದ್ದಳು. ಏನೂ ಹೋಗಲ್ಲ ಎಂದು ಮಾತು ಕೊಟ್ಟ ಬಾಯಿ ಇದೇ ಎಂದುಕೊಂಡಾಗ ಅವಳಿಗೆ ಅಳು ಬಂತು.

ಅತ್ತೆ ಅಂಗಳದಲ್ಲಿದ್ದರು. ಬೆಗಿಮಾಯ್ ಎದ್ದು ಕಿಟಕಿ ಮುಚ್ಚಿದಳು, ತಲೆವಸ್ತ್ರ ಸರಿಮಾಡಿಕೊಂಡಳು, ಮೈಕಿನ ಮೇಲಿನ ಬಟ್ಟೆ ತೆಗೆದಳು. ಹಗಲು ಹೊತ್ತು ಬಾಗಿಲ ಸದ್ದಾದರೆ ಬಂದವರು ಅಪಾ ಎಂದೇ ತಿಳಿ, ಅವರನ್ನು ಹೆಸರು ಹಿಡಿದು ಕರೆ, ಎಂದು ಬರೆದಳು. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಹೆಸರನ್ನೂ ಬರೆದಳು.

"ಇದನ್ನು ಹೇಗೆ ಹೇಳಬೇಕು? ಒಮ್ಮೆ ಹೇಳಿ" ಎಂದಿತು ಬಿಲೆರ್‌ಮಾನ್.

ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೆಯ ಸಲ ಹೇಳಿಯೇಬಿಟ್ಟಳು.

"ಸೋನುನ್."

ಸಿಡಿಲೇನೂ ಬಡಿಯಲಿಲ್ಲ.

ಅತ್ತೆ ಕತ್ತರಿಗೆಂದು ಒಳಗೆ ಬಂದದ್ದು ಸ್ವಲ್ಪ ಹೊತ್ತಿನ ಮೇಲೆ. ಬಾಗಿಲು ಕಿರ್ರೆಂದಿತು.

"ಸೋನುನ್" ಎಂದಿತು ಬಿಲೆರ್‌ಮಾನ್.

ಬೆಗಿಮಾಯ್‌ಗೆ ಆ ದನಿ ಯಾರದೆಂದು ತಕ್ಷಣ ತಿಳಿಯಿತು. ಅವಳು ಹೆಸರು ಹಿಡಿದು ಕರೆಯುತ್ತಿದ್ದದ್ದು ತರಗತಿಯ ಮಕ್ಕಳನ್ನು ಮಾತ್ರ, ಹಾಜರಿ ಹಾಕುವಾಗ. ಅದೇ ದನಿಯಲ್ಲಿ ಅತ್ತೆಯ ಹೆಸರನ್ನೂ ಹೇಳಿಕೊಟ್ಟಿದ್ದಳು.

ಅತ್ತೆ ಬಾಗಿಲಲ್ಲೇ ನಿಂತರು. ಡಬ್ಬವನ್ನು ನೋಡಿದರು, ಸೊಸೆಯನ್ನು ನೋಡಿದರು.

"ಹಾಜರ್" ಎಂದರು.

"ತಪ್ಪಾಯ್ತು ಅಪಾ" ಎಂದಳು ಬೆಗಿಮಾಯ್. "ಗೊತ್ತಿರ್ಲಿಲ್ಲ. ನಾನು ಬೇರೆ ಹೆಸರು ಬರ್ದೆ."

"ನೀನು ಹೇಗ್ ಬರೀತೀಯ ಮಗಳೇ. ಹಿರಿಯರ ಹೆಸರು ಹೇಳದೆ ಬಾಳಿ ತೋರಿಸಿದವಳು ನಾನೇ ಅಲ್ವಾ." ಅವರು ಕತ್ತರಿ ಎಲ್ಲಿದೆ ಎಂದು ನೋಡುತ್ತಿದ್ದರು.

"ನೀವು ಇನ್ನೊಂದ್ಸಲ ಕಲಿಸಿ. ನಿಮ್ಮಪ್ಪ ಕರೀತಿದ್ದ ಹಾಗೆ. ನಾನು ಶಾಲೇಲಿರ್ತೀನಿ, ಈ ಕಡೆ ಬರೋದೇ ಇಲ್ಲ. ಅದು ಬೇಗ ಕಲಿಯುತ್ತೆ ಅಪಾ, ಈಗ ಚುರುಕಾಗಿದೆ."

"ಕಲಿಯುತ್ತೆ, ಇಲ್ಲ ಅನ್ನಲ್ಲ." ಅತ್ತೆ ಕತ್ತರಿ ಎತ್ತಿಕೊಂಡು ಅದರ ಬಾಯನ್ನು ಬೆರಳಿನಿಂದ ಸವರಿದರು. "ಆಗ ಮನೇಲಿ ಯಾರಿಗೂ ಗೊತ್ತಿಲ್ಲ ಅನ್ಕೊಂಡು ಮಾತಾಡ್ತಿದ್ದೆ. ಈಗ ನಿಂಗೆ ಗೊತ್ತು. ನೀನು ಶಾಲೇಲಿದ್ರೂ ನಿಂಗೆ ಗೊತ್ತು. ಹೇಗ್ ಮಾತಾಡ್ಲಿ ಹೇಳು."

ಬೆಗಿಮಾಯ್ ಮೈಕಿನಿಂದ ತೆಗೆದಿದ್ದ ಬಟ್ಟೆಯನ್ನು ಮಡಿಸತೊಡಗಿದಳು.

"ಈ ಕರಿಯದು ಮೊಂಡಾಗಿದೆ" ಎಂದರು ಅತ್ತೆ. "ಕುಬಾತ್ ಬಂದ್ರೆ ಮಸೆದುಕೊಡೋಕೆ ಹೇಳು." ಹೊರಗೆ ಹೋದರು.

ಭಾನುವಾರ ಮಧ್ಯಾಹ್ನ ಬೆಗಿಮಾಯ್ ಕೊಟ್ಟಿಗೆಯ ಹಿಂದಿನಿಂದ ಕಲ್ಲಿದ್ದಲಿನ ಬಕೆಟ್ಟು ತುಂಬಿಕೊಂಡು ಬಂದಳು. ಎರಡು ಕೈಯಲ್ಲೂ ಭಾರವಿದ್ದದ್ದರಿಂದ ಬಾಗಿಲನ್ನು ಬೆನ್ನಿನಿಂದ ತಳ್ಳಿದಳು. ಹೇಳಿಕೊಟ್ಟದ್ದನ್ನು ತೆಗೆದುಹಾಕಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದಳು. ಇನ್ನೊಂದು ಸಲ ಅಳಿಸಲು ಅವಳಿಗೆ ಕೈ ಬಂದಿರಲಿಲ್ಲ.

"ಸೋನುನ್" ಎಂದು ಕರೆಯಿತು ಬಿಲೆರ್‌ಮಾನ್, ಖಾಲಿ ಮನೆಯೊಳಗಿನಿಂದ.

ತೆರೆದ ಬಾಗಿಲಿನಿಂದ ಅದು ಅಂಗಳಕ್ಕೂ ಕೇಳಿಸಿತು. ಬಿಸಿಲಿನಲ್ಲಿ ಕೂತಿದ್ದ ಅತ್ತೆಯ ಸೂಜಿ ಕಂಬಳಿಯ ನಡುವೆ ನಿಂತಿತು. ತಲೆಯೆತ್ತಿದ ಅವರು ಮನೆಯ ಕಡೆ ನೋಡಲಿಲ್ಲ, ಹೊಳೆಯ ಕಡೆ ನೋಡಿದರು. ಬೆಗಿಮಾಯ್ ಬಕೆಟ್ಟು ಕೆಳಗಿಡದೆ ಹೊಸಿಲಿನಲ್ಲೇ ನಿಂತಳು. ಓ ಎನ್ನುವವರು ಯಾರೂ ಇಲ್ಲದ್ದರಿಂದ ಯಂತ್ರ ಇನ್ನೊಂದು ಸಲ ಕರೆಯಿತು. ಆಮೇಲೆ ಅದು ಸುಮ್ಮನಾಯಿತು, ಅತ್ತೆ ಸೂಜಿಯನ್ನು ಎಳೆದರು.