ಜುಬ್ಬಾದೊಳಗಿನ ತಾಡಪತ್ರಿ ಕೋಟು

ನಾನು ಒಂದು ರೇನ್‌ಕೋಟು. 'ಒಂದು' ಎಂದದ್ದು ಬರೀ ವಿನಯಕ್ಕೆ. ನನ್ನಂಥದು ಇನ್ನೊಂದು ಈ ಭೂಮಿಯ ಮೇಲೆ ಹುಟ್ಟಿಲ್ಲ. ನನ್ನನ್ನು ಹೊಲಿಯುವಾಗ ಹನ್ನೆರಡು ಸೂಜಿ ಮುರಿದವು. ನಲವತ್ತು ಎಂದರೂ ನಡೆದೀತು, ಅಲ್ಲಿ ನಿಂತು ಎಣಿಸಿದವರು ಯಾರು?

ನವಿಲಗುಡ್ಡ ಊರಿನ ಹಜರೇಸಾಬ ಲಾರಿಗಳಿಗೆ ತಾಡಪತ್ರಿ ಹೊಲಿಯುವವನು. ಹತ್ತಿ ಹೇರುವ ಒಂದು ಲಾರಿಗೆ ಹೊದಿಕೆ ಮಾಡಿ ಉಳಿದ ತುಂಡಿನಲ್ಲಿ ನನ್ನನ್ನು ಕತ್ತರಿಸಿದ. ಲಾರಿಗಳನ್ನೇ ಹೊದಿಸಿ ಮಲಗಿಸುವ ವಂಶ ನಮ್ಮದು, ಒಬ್ಬ ಮನುಷ್ಯ ಯಾವ ಲೆಕ್ಕ! ಎಂಟು ಹಿತ್ತಾಳೆ ಗುಂಡಿ ಹಚ್ಚಿ, ಗೂಟಕ್ಕೆ ನೇತುಹಾಕಿದಾಗ ಗೂಟವೇ ಬಾಗಿತು.

ನನ್ನನ್ನು ಹೊಲಿಸಿದವನು ಗುರುಪಾದ ಯಲಿಗಾರ. ಊರಿನ ಬಾನುಲಿ ಕೇಂದ್ರದಲ್ಲಿ ದಿನಾ ಸಂಜೆ ಹವಾಮಾನ ವರದಿ ಓದುವ ಹಂಗಾಮಿ ಉದ್ಘೋಷಕ. ಅಂಗಡಿಯಲ್ಲೇ ನನ್ನನ್ನು ಹಿಂದುಮುಂದಾಗಿ ತೊಟ್ಟು, ಗುಂಡಿಗಳು ಬೆನ್ನಿಗೆ ಬರುವಂತೆ ಮಾಡಿಕೊಂಡ. ಹಜರೇಸಾಬ ಕತ್ತರಿ ಕೆಳಗಿಟ್ಟ.

"ಇದೇನ್ರಿ, ಉಲ್ಟಾ ಹಾಕ್ಕೊಂಡ್ರಿ?"

"ಸೈಕಲ್ ಹೊಡಿಯೋ ಮುಂದ ಗುಂಡಿ ಸಂದ್ಯಾಗಿಂದ ಗಾಳಿ ನುಗ್ಗತೈತಿ ಸಾಬ್. ನನಗ ಗಂಟಲಾ ಅಂದ್ರ ಅನ್ನ."

ಅಂದಿನಿಂದ ಅವನ ಎದೆಗೆ ನನ್ನ ಬೆನ್ನೇ ಕೋಟೆ.

ನವಿಲಗುಡ್ಡದ ಹವೆಗೆ ನಾಲ್ಕು ಮೈಲಿಯಲ್ಲಿ ನಾಲ್ಕು ಮನಸ್ಸು. ಗುರುಪಾದ ಮನೆ ಬಿಡುವಾಗ ಮಂಜು. ಕೊರಳಿಗೆ ಮಫ್ಲರು, ಸ್ವೆಟರಿನ ಒಳಗೆ ಎದೆಗೆ ನಿನ್ನೆಯ ಪತ್ರಿಕೆಯ ಎರಡು ಹಾಳೆ. ರೈಲ್ವೆ ಗೇಟು ಬರುವಷ್ಟರಲ್ಲಿ ಸುಡುಬಿಸಿಲು, ಸ್ವೆಟರು ಹ್ಯಾಂಡಲಿಗೆ. ಕೆರೆ ಏರಿಯ ಮೇಲೆ ಸೈಕಲ್ಲನ್ನೇ ಎತ್ತಿಕೊಂಡು ಹೋಗುವಂಥ ಗಾಳಿ. ಗುಡ್ಡದ ನೆತ್ತಿ ಕಪ್ಪಾಗಿದ್ದ ದಿನ ನನ್ನನ್ನೂ ಕಟ್ಟಿಕೊಳ್ಳುತ್ತಿದ್ದ: ಕೊನೆಯ ಏರಿನಲ್ಲಿ ಮಳೆ. ಆಗ ಕ್ಯಾರಿಯರಿನಿಂದ ನಾನು ಇಳಿಯುತ್ತಿದ್ದೆ. ನನ್ನನ್ನು ಕಂಡರೆ ಮಳೆ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿತ್ತು. ಪ್ಯಾಂಟಿನ ಕಾಲಿಗೆ ರಬ್ಬರು ಬ್ಯಾಂಡು, ಸೀಟಿಗೆ ಪ್ಲಾಸ್ಟಿಕ್ ಚೀಲ, ಊಟದ ಚೀಲದಲ್ಲಿ ಒಣಗಿದ ಕಾಲುಚೀಲ: ಇವೆಲ್ಲ ನನ್ನ ಪರಿವಾರ.

ಎದುರು ಮನೆಯ ಫಕೀರವ್ವ ಸಂಡಿಗೆ ಹಾಕಿ ಮಾರುವವಳು. ಬೆಳಿಗ್ಗೆ ಸಂಡಿಗೆ ಹಿಟ್ಟು ಕೈಯಲ್ಲಿ ಹಿಡಿದು, ರೇಡಿಯೋ ಬಿಟ್ಟು ಗುರುಪಾದನ ಕ್ಯಾರಿಯರ್ ನೋಡುವಳು.

"ಏನಪಾ, ನಿನ್ನೆ ರೇಡಿಯೋದಾಗ ಒಣಹವಾ ಅಂದಿ. ಇವತ್ತ ಹಿಂದ ಕೋಟ್ ಕಟ್ಟಿ. ನಿನ್ನ ಬಾಯಿ ನಂಬಲ್ಯೋ, ಕೋಟ್ ನಂಬಲ್ಯೋ?"

"ಕೋಟ್ ನಂಬ ಆಯಿ. ಬಾಯಿ ಸರಕಾರದ್ದು."

ಹೀಗೆ ಇಡೀ ಓಣಿ ನನ್ನನ್ನು ನೋಡಿಯೇ ಮೆಣಸಿನಕಾಯಿ ಒಣಗಿಸತೊಡಗಿತು. ಓಣಿಯೇನು, ಜಿಲ್ಲೆಯೇ!

ಕೀರ್ತಿ ಹೆಚ್ಚಾದರೆ ಹೊಟ್ಟೆ ಉರಿಯುವವರೂ ಹುಟ್ಟುತ್ತಾರೆ. ಕೇಂದ್ರದ ಗಲಗಲಿ ಸಾಹೇಬರು ಒಂದು ಬೆಳಿಗ್ಗೆ ಗುರುಪಾದನನ್ನು ಬಾಗಿಲಲ್ಲೇ ತಡೆದರು.

"ರೀ ಯಲಿಗಾರ, ಒಣಹವೆ ಅಂತ ಓದಿದವರೂ ನೀವ, ಕೋಟ್ ಹಾಕ್ಕೊಂಡು ಬಂದವರೂ ನೀವ. ಗೇಟಿನ್ಯಾಗ ಮಂದಿ ನಗಾಕತ್ತಾರ. ಒಣಹವೆ ಓದಿದ ಮರುದಿನ ಈ ತಾಡಪತ್ರಿ ನನ್ನ ಕಣ್ಣಿಗೆ ಬಿತ್ತಂದ್ರ, ಕಾಯಂ ಮಾಡೋ ಪರೀಕ್ಷಾಕ್ಕ ನಿಮ್ಮನ್ನ ಕೂಡಸಾಂಗಿಲ್ಲ."

ಏಳು ವರ್ಷದಿಂದ ಗುರುಪಾದ ಕಾಯುತ್ತಿದ್ದದ್ದು ಆ ಪರೀಕ್ಷೆಗೇ. ನನ್ನನ್ನು ಮನೆಯಲ್ಲಿ ಬಿಟ್ಟು ಹೋದ. ಎರಡನೆಯ ದಿನವೇ ತೊಯ್ದು ಬಂದ. ಒಂದು ವಾರ ಅವನ ಗಂಟಲಿನಿಂದ ಬಂದದ್ದು ಬಾಗಿಲಿನ ತುಕ್ಕು ಕೀಲಿನ ಸದ್ದು. ನಾನು ಗೂಟದಲ್ಲಿ ನೇತಾಡುತ್ತ ಹಲ್ಲು ಕಡಿದೆ.

ಪರೀಕ್ಷೆಯ ಹಿಂದಿನ ಸಂಜೆ ಅವನು ಓದಿದ ವರದಿ: "ನಾಳೆ ಒಣಹವೆ ಇರುತ್ತದೆ." ಮರುದಿನ ಬೆಳಿಗ್ಗೆ ಗುಡ್ಡದ ನೆತ್ತಿ ಇದ್ದಿಲಿನಂತೆ ಕಪ್ಪಾಗಿತ್ತು. ಗುರುಪಾದ ನನ್ನನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತ.

"ಕೋಟ್ ಹಾಕ್ಕೊಂಡ್ರ ಪರೀಕ್ಷಾ ಹೋಗತೈತಿ ಆಯಿ. ಬಿಟ್ರ ಧ್ವನಿ ಹೋಗತೈತಿ."

ಫಕೀರವ್ವ ಹಿಟ್ಟಿನ ಕೈ ಒರೆಸಿಕೊಂಡಳು. "ಕಣ್ಣಿಗೆ ಬೀಳಬಾರದು ಅಂದಾನ ಹೌದಿಲ್ಲೋ? ಹಂಗಾರ ಅಂಗಿ ಒಳಗ ಹಾಕ್ಕೋ. ತಿರಗು, ಗುಂಡಿ ನಾ ಹಾಕತೇನಿ."

ನನ್ನ ತೋಳುಗಳನ್ನು ಮೊಣಕೈವರೆಗೆ ಮಡಚಿ, ಎಂಟೂ ಗುಂಡಿಗಳನ್ನು ಬೆನ್ನ ಮೇಲೆ ಬಿಗಿದು, ಮೇಲೆ ಮೊಣಕಾಲು ಮುಟ್ಟುವ ದಪ್ಪ ಬಿಳಿ ಜುಬ್ಬಾ ಇಳಿಬಿಟ್ಟಳು. ಗುರುಪಾದ ಹತ್ತಿ ತುಂಬಿದ ಗಾದಿಯಂತೆ ಕಂಡ. "ಕೇಂದ್ರದಾಗ ಯಾರಿಗರ ಹೇಳಿ ಬಿಚ್ಚಿಸಿಕೋ," ಎಂದು ಕಳಿಸಿದಳು.

ಕೆರೆ ಏರಿಯ ಮೇಲೆ ಮಳೆ ಹಿಡಿಯಿತು. ಅದು ಮಳೆಯಲ್ಲ, ಯಾರೋ ಮೇಲೆ ಇನ್ನೊಂದು ಕೆರೆಯನ್ನು ಒಡೆದಿದ್ದರು. ಜುಬ್ಬಾ ಮೊದಲ ಹನಿಗೇ ಶರಣಾಯಿತು. ನಾನು? ಒಂದು ಹನಿಯನ್ನೂ ಎದೆಗೆ ಬಿಡಲಿಲ್ಲ. ಗುರುಪಾದ ಒಳಗೆ ಬೆವರುತ್ತ, ಹೊರಗೆ ಸುರಿಯುತ್ತ ಕೇಂದ್ರ ಮುಟ್ಟಿದಾಗ ಬಾಗಿಲಲ್ಲೇ ಗಲಗಲಿ ಸಾಹೇಬರು. ತೊಯ್ದ ಜುಬ್ಬಾ ಕಂಡು ಅವರ ಮುಖ ಅರಳಿತು.

"ನೋಡ್ರಿ! ನಮ್ಮ ವರದಿ ಮ್ಯಾಲ ಎಷ್ಟ ಭರೋಸಾ! ಬರ್ರಿ ಬರ್ರಿ, ಪರೀಕ್ಷಕರು ಕಾಯಾಕತ್ತಾರ."

"ಸರ್, ಐದ ನಿಮಿಷ, ಬಟ್ಟಿ ಬದಲ..."

"ಧ್ವನಿಗೆ ಯಾಕ ಬಟ್ಟಿ?" ಎಂದವರೇ ಕೈ ಹಿಡಿದು ಒಳಗೆ ಕೂಡಿಸಿ ಬಾಗಿಲು ಹಾಕಿಬಿಟ್ಟರು.

ಆ ಕೋಣೆಯಲ್ಲಿ ಸೊಳ್ಳೆ ರೆಕ್ಕೆ ಬಡಿದರೂ ಮೈಕು ಹಿಡಿಯುತ್ತದೆ. ನಾನೋ, ಮಾಲೀಕ ಉಸಿರಾಡಿದರೂ ಚರಕ್ ಚರಕ್ ಎನ್ನುವ ತಾಡಪತ್ರಿ. ಗಾಜಿನಾಚೆ ಮೂವರು ಪರೀಕ್ಷಕರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದರು. ಕೆಂಪು ದೀಪ ಹತ್ತಿತು. ಗುರುಪಾದ ಕಲ್ಲಿನಂತೆ ಕೂತ. ಹೊಟ್ಟೆಯಿಂದ ಮಾತ್ರ ಮೆಲ್ಲಗೆ ಉಸಿರೆಳೆದು ಓದತೊಡಗಿದ. ನಾನು ಮಡಿಕೆ ಮಡಿಕೆಯನ್ನೂ ಬಿಗಿಹಿಡಿದೆ. "ಗುಡುಗು ಸಹಿತ" ಎನ್ನುವಲ್ಲಿ ಅವನ ಎದೆ ಉಬ್ಬಿತು. ನಡುಬೆನ್ನಿನ ಗುಂಡಿಯ ದಾರ ಕಿತ್ತು ಒಂದೇ ಎಳೆ ಉಳಿಯಿತು. ಸಿಡಿದು ನೆಲಕ್ಕೆ ಬಿದ್ದಿದ್ದರೆ ಏಳು ವರ್ಷ ಟಣ್ ಎಂದು ಮುಗಿಯುತ್ತಿತ್ತು. ಬೀಳಲು ಬಿಡಲಿಲ್ಲ. ನಾಲ್ಕು ನಿಮಿಷ. ಬಾಯಿ ಮುಚ್ಚಿ ಗೊತ್ತೇ ಇಲ್ಲದ ನಾನು, ಅಂದು ಮುಚ್ಚಿದೆ.

ಪರೀಕ್ಷಕರಲ್ಲಿ ಹಿರಿಯರು ಹೊರಬಂದು, "ಧ್ವನಿ ತೊಳೆದಿಟ್ಟ ಹಿತ್ತಾಳಿ ತಂಬಿಗಿ ಇದ್ದಂಗ ಐತಿ," ಎಂದರು. ಗಲಗಲಿ ಸಾಹೇಬರು ಹಿಗ್ಗಿ ಗುರುಪಾದನ ಬೆನ್ನು ತಟ್ಟಿದರು. ತಟ್ಟಿದ ಕೈ ಅಲ್ಲೇ ನಿಂತಿತು.

"ಇದೇನ್ರಿ ಬೆನ್ನಾಗ?"

"ಬೆನ್ನೆಲುಬು, ಸರ್."

ಸಾಹೇಬರು ಇನ್ನೆರಡು ಗುಂಡಿ ಮುಟ್ಟಿ ನೋಡಿದರು. ಕಿಟಕಿಯಾಚೆ ಧೋ ಎನ್ನುವ ಮಳೆಯನ್ನೂ ನೋಡಿದರು.

"ಹಿತ್ತಾಳಿದು ಮಾಡಿಸಿದ್ದು ಛಲೋ ಆತು," ಎಂದು ಹೊರಟುಹೋದರು.

ಗುರುಪಾದ ಕಾಯಂ ಆದ. ಮುಂದೆ ಅವನಿಗೆ ಸ್ಕೂಟರು ಬಂತು, ಮಡಚಿದರೆ ಜೇಬಿನಲ್ಲಿ ಕೂರುವ ನೈಲಾನು ಕೋಟೂ ಬಂತು. ಅದನ್ನು ಕೋಟು ಎನ್ನುವವರಿಗೆ ನನ್ನ ಮರುಕವಿದೆ. ನಾನು ಫಕೀರವ್ವನ ಪಾಲಾದೆ. ಅವಳು ತೋಳು ಬಿಚ್ಚಿ, ಹೊಲಿಗೆ ಹರಿದು, ನನ್ನನ್ನು ಮತ್ತೆ ನಾಲ್ಕು ಮೂಲೆಯ ತಾಡಪತ್ರಿ ಮಾಡಿದಳು. ಇಪ್ಪತ್ತೈದು ವರ್ಷದಿಂದ ಮಾಳಿಗೆಯ ಮೂಲೆಯಲ್ಲಿ ಸುರುಳಿಯಾಗಿ ಇದ್ದೇನೆ. ಮೋಡ ಕಂಡರೆ ಸಂಡಿಗೆಯ ಮೇಲೆ ಹರಡಿಕೊಳ್ಳುತ್ತೇನೆ. ಸಾವಿರಾರು ಸಂಡಿಗೆಗಳಿಗೆ ನಾನೇ ಆಕಾಶ. ಗುಂಡಿಗಳಲ್ಲಿ ಒಂದೇ ಉಳಿದಿದೆ, ಆ ನಡುಬೆನ್ನಿನದು. ಫಕೀರವ್ವ ಅದಕ್ಕೆ ಮಾತ್ರ ಹೊಸ ದಾರ ಹಾಕಿದ್ದಾಳೆ.

ಮೊನ್ನೆ ಗುರುಪಾದ ನಿವೃತ್ತನಾದ. ಆ ಸಂಜೆ ಮಾಳಿಗೆಯ ಮೇಲೆ ಫಕೀರವ್ವ ರೇಡಿಯೋ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಕೊನೆಯ ವರದಿ. ಧ್ವನಿಯಲ್ಲಿ ಇಷ್ಟೂ ತುಕ್ಕಿಲ್ಲ.

"ನಾಳೆ ಒಣಹವೆ ಇರುತ್ತದೆ," ಎಂದ. ಹಾಳೆ ಮಡಚಿದ ಸದ್ದು ಬಂತು. ಆಮೇಲೆ, ಹಾಳೆಯಲ್ಲಿ ಯಾರೂ ಬರೆದುಕೊಡದ ಮಾತು: "ಆದರೂ ಆಯಿ, ಸಂಡಿಗಿ ಮ್ಯಾಲ ಕೋಟ್ ಹೊಚ್ಚಿರು."

ಫಕೀರವ್ವ ಕಣ್ಣು ಒರೆಸಿಕೊಂಡು ನನ್ನನ್ನು ಎಳೆದು ಬಿಚ್ಚಿದಳು. ಪರೀಕ್ಷೆಯ ದಿನದಿಂದ ಒಳಗೇ ಹಿಡಿದಿಟ್ಟುಕೊಂಡಿದ್ದ ಸದ್ದನ್ನು ಆಗ ಬಿಟ್ಟೆ. ಚರಕ್! ಜಿಲ್ಲೆಗೆಲ್ಲ ಕೇಳಿಸಿತು.